ನಾಳೆಯ ನಾಡಿನ ಹಳೆಯ ಚಿತ್ರಗಳು: ಓದುಗರೊಬ್ಬರ ಪತ್ರಕ್ಕೆ ಸಂಪಾದಕರ ಉತ್ತರ

ಧಾರವಾಡದ ಮಾನ್ಯ ಓದುಗರಿಗೆ, ನಮಸ್ಕಾರಗಳು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ಉದ್ಯಾನದ ‘ಟುಮಾರೊಲ್ಯಾಂಡ್’, ಅಂದರೆ ‘ನಾಳೆಯ ನಾಡು’ ಎಂಬ ಭಾಗದಲ್ಲಿ 1950 ಮತ್ತು 60ರ ದಶಕಗಳಲ್ಲಿ ಪ್ರವಾಸಿಗರು ತೆಗೆದ ಛಾಯಾಚಿತ್ರಗಳನ್ನು ಕಳೆದ ಸಂಚಿಕೆಯಲ್ಲಿ ಪ್ರಕಟಿಸಿದ್ದಕ್ಕೆ ತಾವು ಬರೆದ ಪತ್ರ ತಲುಪಿದೆ. ಎಂದೂ ಬಾರದೆ ಹೋದ ಭವಿಷ್ಯವೊಂದಕ್ಕಾಗಿ ಹಂಬಲಿಸುವುದರಲ್ಲಿ ಅರ್ಥವಿಲ್ಲ, ಅದರಲ್ಲೂ ಆ ಭವಿಷ್ಯ ದೊಡ್ಡ ಕಂಪನಿಗಳ ಜಾಹೀರಾತಾಗಿದ್ದಾಗ ಕನ್ನಡದ ಪತ್ರಿಕೆಯೊಂದು ಅದಕ್ಕೆ ಪುಟಗಳನ್ನು ಮೀಸಲಿಡುವ ಅಗತ್ಯವೇನಿತ್ತು ಎಂದು ಕೇಳಿದ್ದೀರಿ. ಅದೇ ಪತ್ರದ ಕೊನೆಯಲ್ಲಿ, ಆ ಕಾಲದಲ್ಲಿ ಲಾಸ್ ಏಂಜಲೀಸಿನಲ್ಲಿ ಓದುತ್ತಿದ್ದ ತಮ್ಮ ದಿವಂಗತ ಅಣ್ಣನವರು ಅಲ್ಲಿಯೇ ತೆಗೆದ ಸ್ಲೈಡುಗಳ (ಪ್ರೊಜೆಕ್ಟರಿನಲ್ಲಿ ಬಿಟ್ಟು ನೋಡುವ, ರಟ್ಟಿನ ಚೌಕಟ್ಟಿನ ಪುಟ್ಟ ಪಾರದರ್ಶಕ ಫಿಲ್ಮ್ ಚಿತ್ರಗಳ) ಡಬ್ಬಿಯೊಂದು ತಮ್ಮ ಮನೆಯಲ್ಲಿದೆಯೆಂದೂ, ಅದರ ಮೇಲೆ ಅತ್ತಿಗೆಯವರು 1968 ಎಂದು ಬರೆದಿಟ್ಟಿದ್ದಾರೆಂದೂ ತಿಳಿಸಿ, ಆ ವರ್ಷ ಸರಿಯೇ, ಕೆಂಪಾಗುತ್ತಿರುವ ಸ್ಲೈಡುಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ವಿಚಾರಿಸಿದ್ದೀರಿ. ಪತ್ರದ ಮೊದಲ ಭಾಗದ ಆಕ್ಷೇಪಕ್ಕೂ ಕೊನೆಯ ಭಾಗದ ಪ್ರಶ್ನೆಗೂ ನನ್ನ ಉತ್ತರ ಬಹುಮಟ್ಟಿಗೆ ಒಂದೇ ಆಗಿರುವುದರಿಂದ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಡಿಸ್ನಿಲ್ಯಾಂಡ್ ಆನಹೈಮ್ ಊರಿನಲ್ಲಿ 1955ರ ಜುಲೈ 17ರಂದು ಆರಂಭವಾಯಿತು. ಐದು ಭಾಗಗಳ ಪೈಕಿ ಎಲ್ಲಕ್ಕಿಂತ ತಡವಾಗಿ ಕೆಲಸ ಹಿಡಿದದ್ದು ಟುಮಾರೊಲ್ಯಾಂಡಿನದು. ಹಣವೂ ಕಾಲವೂ ಸಾಲದೆ ಬಂದದ್ದರಿಂದ ಅರೆಬರೆ ಮುಗಿದ ಕಟ್ಟಡಗಳನ್ನು ಬಲೂನು, ಪತಾಕೆಗಳಿಂದ ಮರೆಮಾಡಿ ಜನರನ್ನು ಒಳಗೆ ಬಿಡಲಾಯಿತು. ಅಲ್ಲಿ ತೋರಿಸಹೊರಟದ್ದು 1986ರ ಜಗತ್ತನ್ನು. ಹ್ಯಾಲಿ ಧೂಮಕೇತು ಮರಳಿ ಬರಲಿರುವ ವರ್ಷವೆಂದು ಅದನ್ನು ಆರಿಸಿಕೊಂಡಿದ್ದರು. ಆ ದಿನದ ಸಮಾರಂಭವನ್ನು ದೂರದರ್ಶನದಲ್ಲಿ ನೇರವಾಗಿ ನಡೆಸಿಕೊಟ್ಟ ಮೂವರು ನಿರೂಪಕರಲ್ಲಿ ಒಬ್ಬರು ನಟ ರೊನಾಲ್ಡ್ ರೇಗನ್. ನಿಜವಾದ 1986 ಬಂದಾಗ ಅವರು ಅಮೆರಿಕದ ಅಧ್ಯಕ್ಷರಾಗಿದ್ದರು. ಆ ವರ್ಷದ ಜನವರಿಯಲ್ಲಿ ಚಾಲೆಂಜರ್ ನೌಕೆ ಏಳು ಮಂದಿಯೊಡನೆ ಆಕಾಶದಲ್ಲೇ ನಾಶವಾದಾಗ ದೇಶವನ್ನು ಸಂತೈಸಬೇಕಾದ ಹೊಣೆ ಅವರ ಮೇಲೆಯೇ ಬಿತ್ತು. 1955ರ ಆ ಬೇಸಿಗೆಯ ಚಿತ್ರಗಳನ್ನು ನೋಡುವಾಗಲೆಲ್ಲ ನನಗೆ ಈ ಸಂಗತಿ ನೆನಪಾಗುತ್ತದೆ, ಏಕೆಂದರೆ ಚಿತ್ರದೊಳಗೆ ನಿಂತವರಿಗೆ ಗೊತ್ತಿಲ್ಲದ್ದು ನೋಡುವ ನಮಗೆ ಗೊತ್ತಿದೆ.

ಅಲ್ಲಿ ಕಂಪನಿಗಳದೇ ಕಾರುಬಾರಿತ್ತು ಎಂಬ ತಮ್ಮ ಮಾತು ಪೂರ್ತಿ ನಿಜ. ಖಾಲಿ ಉಳಿಯಲಿದ್ದ ಮಳಿಗೆಗಳನ್ನು ತುಂಬಿದ್ದೇ ಪ್ರಾಯೋಜಕರು. ಮಾನ್ಸಾಂಟೊ ಕಂಪನಿ ರಸಾಯನಶಾಸ್ತ್ರದ ಭವನವನ್ನು ತೆರೆಯಿತು, ಕೈಸರ್ ಕಂಪನಿ ಅಲ್ಯೂಮಿನಿಯಮ್ಮಿನ ಮಹಿಮೆಯನ್ನು ಸಾರಿತು, ಮಕ್ಕಳು ಪುಟ್ಟ ಪೆಟ್ರೋಲ್ ಕಾರುಗಳನ್ನು ಓಡಿಸುವ ‘ಆಟೋಪಿಯ’ ರಸ್ತೆಗೆ ರಿಚ್‌ಫೀಲ್ಡ್ ತೈಲ ಕಂಪನಿಯ ಹೆಸರಿತ್ತು. ಮರುವರ್ಷ ಸ್ನಾನಗೃಹದ ಸಾಮಾನು ಮಾಡುವವರೂ ನಾಳೆಯ ಬಚ್ಚಲುಮನೆ ಹೀಗಿರುತ್ತದೆಂದು ತೋರಿಸಲು ಬಂದರು. ಆರಂಭದ ವರ್ಷಗಳ ಚಿತ್ರಗಳಲ್ಲಿ ಎದ್ದು ಕಾಣುವ, 76 ಅಡಿ ಎತ್ತರದ ಬಿಳಿ ರಾಕೆಟ್ಟಿನ ಮೈಮೇಲೆ ಟಿಡಬ್ಲ್ಯೂಎ ವಿಮಾನ ಸಂಸ್ಥೆಯ ಅಕ್ಷರಗಳಿವೆ. ‘ಮೂನ್‌ಲೈನರ್’ ಎಂದು ಕರೆಯುತ್ತಿದ್ದ ಆ ರಾಕೆಟ್ಟನ್ನು ರೂಪಿಸಿದ ಜಾನ್ ಹೆಂಚ್ ಅವರಿಗೆ ಸಲಹೆ ಕೊಟ್ಟವರು ವರ್ನರ್ ಫಾನ್ ಬ್ರೌನ್. ಮುಂದೆ ಅಪೋಲೊ ಯಾತ್ರಿಗಳನ್ನು ಚಂದ್ರನಲ್ಲಿಗೆ ಕಳಿಸಿದ ಸ್ಯಾಟರ್ನ್ ರಾಕೆಟ್ಟಿನ ಹಿಂದೆ ಇದ್ದವರೂ ಅವರೇ, ಅದಕ್ಕೂ ಮೊದಲು ಹಿಟ್ಲರನ ಜರ್ಮನಿಗಾಗಿ ವಿ-2 ಕ್ಷಿಪಣಿಯನ್ನು ನಿರ್ಮಿಸಿದವರೂ ಅವರೇ. ಆ ಕ್ಷಿಪಣಿಗಳ ತಯಾರಿಕೆಯಲ್ಲಿ ಸೆರೆಶಿಬಿರದ ಕೈದಿಗಳನ್ನು ದುಡಿಸಲಾಯಿತು, ಸಾವಿರಾರು ಮಂದಿ ಅಲ್ಲಿ ಸತ್ತರು. ಈ ಚರಿತ್ರೆಯನ್ನು ಬದಿಗಿಟ್ಟು ಆ ಬಿಳಿ ರಾಕೆಟ್ಟಿನ ಅಂದವನ್ನು ಮಾತ್ರ ಮೆಚ್ಚಬೇಕೆಂದು ನಾನು ಯಾರಿಗೂ ಹೇಳಲಾರೆ. ಆದರೆ ಇದೆಲ್ಲವನ್ನೂ ಚಿತ್ರಗಳು ನಮ್ಮಿಂದ ಮುಚ್ಚಿಟ್ಟಿಲ್ಲ ಎಂಬುದನ್ನು ತಾವು ಗಮನಿಸಬೇಕು. ಕಂಪನಿಗಳ ಫಲಕಗಳು ಚಿತ್ರಗಳಲ್ಲಿ ಸ್ಪಷ್ಟವಾಗಿ ಓದಲು ಸಿಗುತ್ತವೆ. 1959ರಲ್ಲಿ ಆರಂಭವಾದ ಜಲಾಂತರ್ಗಾಮಿ ಸವಾರಿಯ ದೋಣಿಗಳಿಗೆ ಯುದ್ಧನೌಕೆಗಳ ಬೂದು ಬಣ್ಣವಿದೆ, ಅವುಗಳ ಮೇಲೆ ಅಮೆರಿಕದ ನೌಕಾಪಡೆಯ ಅಣುಶಕ್ತಿ ನೌಕೆಗಳ ಹೆಸರುಗಳೇ ಇವೆ, ಅವುಗಳಲ್ಲಿ ಒಂದು ‘ನಾಟಿಲಸ್’. ಆ ಹೆಸರಿನ ನಿಜವಾದ ನೌಕೆ ಉತ್ತರ ಧ್ರುವದ ಹಿಮದಡಿಯಲ್ಲಿ ಹಾದುಹೋಗಿ ಆಗ ಒಂದು ವರ್ಷವೂ ಕಳೆದಿರಲಿಲ್ಲ. ಶೀತಲ ಸಮರದ ಕಾಲದ ಅಮೆರಿಕ ತನ್ನ ಮಕ್ಕಳಿಗೆ ಭವಿಷ್ಯವೆಂದು ಏನನ್ನು ತೋರಿಸಿತು ಎಂಬುದಕ್ಕೆ ಇದಕ್ಕಿಂತ ನೇರವಾದ ದಾಖಲೆ ನನಗೆ ಕಂಡಿಲ್ಲ.

ಇನ್ನು, ಆ ಭವಿಷ್ಯ ಬರಲೇ ಇಲ್ಲ ಎಂಬ ಮಾತು. ಚಂದ್ರಯಾತ್ರೆ ಬಂದಿತು, 1969ರಲ್ಲಿಯೇ ಬಂದಿತು. ಬಂದದ್ದರಿಂದ ಆದ ತೊಂದರೆಯೇ ಈ ಜಾಗದ ಕಥೆಯ ತಿರುಳು. ನಿಜವಾದ ಮನುಷ್ಯರು ಚಂದ್ರನ ಮೇಲೆ ನಡೆದಾಡಿದ್ದನ್ನು ದೂರದರ್ಶನದಲ್ಲಿ ಕಂಡ ಮೇಲೆ, ಚಂದ್ರನತ್ತ ಹಾರುವ ಅಭಿನಯದ ಸವಾರಿಯಲ್ಲಿ ಯಾರಿಗೂ ಬೆರಗು ಉಳಿಯಲಿಲ್ಲ. 1975ರಲ್ಲಿ ಅದನ್ನು ಮಂಗಳ ಗ್ರಹದ ಯಾತ್ರೆಯಾಗಿ ಬದಲಾಯಿಸಬೇಕಾಯಿತು. ಡಿಸ್ನಿಲ್ಯಾಂಡಿನ ಮುಖ್ಯಬೀದಿ ಇಪ್ಪತ್ತನೆಯ ಶತಮಾನದ ಆರಂಭದ ಅಮೆರಿಕದ ಊರನ್ನು ಹೋಲುತ್ತದೆ. ಅದು ಹಳೆಯದೇ ಆಗಿರುವುದರಿಂದ ಮತ್ತೆ ಹಳತಾಗುವ ಭಯವಿಲ್ಲ. ನಾಳೆಯ ನಾಡಿಗೆ ಆ ಭದ್ರತೆ ಇಲ್ಲ. ಕಾಲ ಅದನ್ನು ಹಿಡಿದ ಕೂಡಲೇ ಕೆಡವಿ ಕಟ್ಟಬೇಕು, ಮತ್ತೆ ಹಿಡಿದಾಗ ಮತ್ತೆ ಕೆಡವಬೇಕು.

ಮಾನ್ಸಾಂಟೊ ಕಂಪನಿಯ ‘ಭವಿಷ್ಯದ ಮನೆ’ಯ ವಿಷಯವನ್ನೇ ನೋಡಿ. 1957ರಲ್ಲಿ ತೆರೆದ ಆ ಮನೆಯನ್ನು ಎಂಐಟಿ ವಿದ್ಯಾಸಂಸ್ಥೆಯ ವಾಸ್ತುಶಿಲ್ಪಿಗಳು ವಿನ್ಯಾಸ ಮಾಡಿದ್ದರು. ನಡುವೆ ಒಂದು ಗಟ್ಟಿ ಕಂಬದಂಥ ಭಾಗ, ಅದರಿಂದ ನಾಲ್ಕು ದಿಕ್ಕಿಗೆ ನೆಲ ಮುಟ್ಟದಂತೆ ಚಾಚಿಕೊಂಡ ನಾಲ್ಕು ಬಿಳಿಯ ರೆಕ್ಕೆಗಳು, ಗೋಡೆ, ನೆಲ, ಸೂರು ಎಲ್ಲವೂ ಗಾಜಿನ ನಾರು ಸೇರಿಸಿದ ಪ್ಲಾಸ್ಟಿಕ್ಕು. ಒಳಗೆ ಮೈಕ್ರೋವೇವ್ ಒಲೆಯೂ, ಮಾತನಾಡುವವರ ಮುಖ ಕಾಣುವ ದೂರವಾಣಿಯೂ ಇದ್ದವು. ಇವೆರಡೂ ಇಂದು ನಮ್ಮ ನಿಮ್ಮ ಮನೆಗಳಲ್ಲಿವೆ. ಹತ್ತು ವರ್ಷಗಳ ಬಳಿಕ ಅದನ್ನು ಕೆಡವಲು ಬಂದಾಗ, ಕಟ್ಟಡಗಳನ್ನು ಒಡೆಯುವ ದೊಡ್ಡ ಕಬ್ಬಿಣದ ಗುಂಡು ಪ್ಲಾಸ್ಟಿಕ್ಕಿನ ಗೋಡೆಗೆ ಬಡಿದು ಪುಟಿದು ಹಿಂದಕ್ಕೆ ಬಂದಿತೆಂದೂ, ಕೊನೆಗೆ ಮನೆಯನ್ನು ತುಂಡುತುಂಡಾಗಿ ಕೊಯ್ದು ಸಾಗಿಸಬೇಕಾಯಿತೆಂದೂ ಹೇಳುತ್ತಾರೆ. ಮನೆಯ ಗಟ್ಟಿತನದಲ್ಲಿ ಕೊರತೆ ಇರಲಿಲ್ಲ. 1967ರ ಹೊತ್ತಿಗೆ ಅದು ನಾಳೆಯ ಮನೆಯಂತೆ ಕಾಣುತ್ತಿರಲಿಲ್ಲ, ಅಷ್ಟೇ ಕಾರಣ. ಇಂದು ಆ ಮನೆಯನ್ನು ಅದು ಬಾಳಿದ ರೀತಿಯಲ್ಲಿ, ಅಂದರೆ ಮೆಟ್ಟಿಲ ಬಳಿ ಸರದಿಯಲ್ಲಿ ನಿಂತ ಹೆಂಗಸರು, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡ ಮಕ್ಕಳು, ಪಕ್ಕದ ಹೂಗಿಡಗಳು ಇವೆಲ್ಲವುಗಳ ನಡುವೆ ನೋಡಬೇಕಾದರೆ ನಮಗೆ ಪ್ರವಾಸಿಗರ ಸ್ಲೈಡುಗಳೇ ಗತಿ. ಕಂಪನಿಯ ಪ್ರಚಾರದ ಚಿತ್ರಗಳಲ್ಲಿ ಹೊಸತನವಿದೆ, ಬಳಕೆಯಿಲ್ಲ. ಕಸದ ಡಬ್ಬಿ, ಸವೆದ ಬೆಂಚು, ಕೋಟು ಟೋಪಿ ತೊಟ್ಟು ಉದ್ಯಾನಕ್ಕೆ ಬಂದ ಗಂಡಸರು, ಒಂದು ಸವಾರಿ ಮುಚ್ಚಿದಾಗ ಅದರ ಸುತ್ತ ಕಟ್ಟಿದ ಹಲಗೆಯ ಬೇಲಿ ಇವೆಲ್ಲ ಸಿಗುವುದು ಮನೆಮಂದಿಗಾಗಿ ಚಿತ್ರ ತೆಗೆದವರ ಕ್ಯಾಮೆರಾದಲ್ಲಿ. ಆ ಕಾರಣಕ್ಕೇ ನಾವು ಪುಟಗಳನ್ನು ಕೊಟ್ಟೆವು, ಇನ್ನೂ ಕೊಡುತ್ತೇವೆ.

1967ರ ಜುಲೈಯಲ್ಲಿ ಇಡೀ ಭಾಗವನ್ನು ಹೊಸದಾಗಿ ಕಟ್ಟಿ ತೆರೆದರು. ಹಳೆಯ ಚಿತ್ರಗಳನ್ನು ಪ್ರೀತಿಸುವವರು ಅತಿ ಹೆಚ್ಚು ನೆನೆಯುವುದು ಈ ರೂಪವನ್ನೇ, ನನಗೂ ಎಲ್ಲಕ್ಕಿಂತ ಚೆಲುವಾಗಿ ಕಾಣುವುದು ಇದೇ. ಬಿಳಿ ಕಟ್ಟಡಗಳ ನಡುವೆ, ಜನರ ತಲೆಯ ಮೇಲೆ, ಪೀಪಲ್‌ಮೂವರ್ ಎಂಬ ಪುಟ್ಟ ಬಂಡಿಗಳು ಎಲ್ಲೂ ನಿಲ್ಲದೆ ನಿಧಾನವಾಗಿ ಹರಿಯುತ್ತಿದ್ದವು. ಬಂಡಿಗಳಲ್ಲಿ ಯಂತ್ರವಿರಲಿಲ್ಲ; ದಾರಿಯುದ್ದಕ್ಕೂ ಹುದುಗಿಸಿದ ಗುಡ್‌ಇಯರ್ ಟೈರುಗಳು ವಿದ್ಯುತ್ತಿನಿಂದ ತಿರುಗುತ್ತ ಅವುಗಳನ್ನು ಮುಂದಕ್ಕೆ ದೂಡುತ್ತಿದ್ದವು. ಕಾರುಗಳಿಲ್ಲದೆ ನಗರದ ನಡುಭಾಗದಲ್ಲಿ ಜನ ಓಡಾಡುವುದಕ್ಕೆ ಇದೇ ದಾರಿಯೆಂದು ವಾಲ್ಟ್ ಡಿಸ್ನಿ ನಂಬಿದ್ದರು, ಫ್ಲಾರಿಡಾದಲ್ಲಿ ಇಪ್ಪತ್ತು ಸಾವಿರ ಜನ ವಾಸಿಸುವ ನಗರವೊಂದನ್ನೇ ಹೀಗೆ ಕಟ್ಟುವ ಯೋಜನೆ ಹಾಕಿದ್ದರು. ಅವರು 1966ರ ಡಿಸೆಂಬರ್ 15ರಂದು ತೀರಿಕೊಂಡರು; ಆ ನಗರ ಹುಟ್ಟಲಿಲ್ಲ. ಆನಹೈಮಿನ ಬಂಡಿಗಳು 1995ರಲ್ಲಿ ನಿಂತವು. 1998ರಲ್ಲಿ ಅದೇ ಹಳಿಯ ಮೇಲೆ ವೇಗದ ಸವಾರಿಯೊಂದನ್ನು ಓಡಿಸಲು ಹೋಗಿ ಎರಡೇ ವರ್ಷದಲ್ಲಿ ಕೈಬಿಟ್ಟರು. ಅದೇ 1998ರಲ್ಲಿ ಬಿಳಿ ಕಟ್ಟಡಗಳಿಗೆ ತಾಮ್ರ, ಚಿನ್ನದ ಬಣ್ಣ ಬಳಿದು, ಹತ್ತೊಂಬತ್ತನೆಯ ಶತಮಾನದವರು ಊಹಿಸಿದ್ದ ಭವಿಷ್ಯದ ರೂಪವನ್ನು ತಂದರು. ಪ್ಯಾರಿಸ್ಸಿನ ಬಳಿ 1992ರಲ್ಲಿ ತೆರೆದ ಉದ್ಯಾನದಲ್ಲಿ ಮೊದಲೇ ಈ ದಾರಿ ಹಿಡಿದಿದ್ದರು. ಮುಂದೇನಾಗುತ್ತದೆ ಎಂದು ಹೇಳುವ ಧೈರ್ಯವನ್ನು ಉದ್ಯಾನದವರೇ ಬಿಟ್ಟುಕೊಟ್ಟ ಗಳಿಗೆ ಅದು ಎಂದು ನಾನು ತಿಳಿಯುತ್ತೇನೆ, ಅದು ನನಗೆ ನೋವಿನ ಸಂಗತಿ.

ಹಂಬಲ ಯಾವುದಕ್ಕಾಗಿ ಎಂಬ ತಮ್ಮ ಪ್ರಶ್ನೆಗೆ ಇಲ್ಲಿಂದಲೇ ಉತ್ತರಿಸಬಹುದು. ಅಲ್ಯೂಮಿನಿಯಮ್ಮಿನ ಭವನಕ್ಕಾಗಿ ಯಾರೂ ಹಂಬಲಿಸುವುದಿಲ್ಲ. ನಾಳೆ ಎಂಬುದು ಎಲ್ಲರೂ ಸೇರಿ ಹೋಗಿ ನೋಡಬಹುದಾದ ಜಾಗ, ಅಲ್ಲಿ ನಡೆದಾಡಬಹುದು, ಅಜ್ಜಿಯನ್ನೂ ಮೊಮ್ಮಗನನ್ನೂ ಒಂದೇ ಬಂಡಿಯಲ್ಲಿ ಕೂರಿಸಬಹುದು ಎಂಬ ಭರವಸೆ ಆ ಚಿತ್ರಗಳಲ್ಲಿ ಕಾಣುತ್ತದೆ. ಹವಾಮಾನದ ಅಂಕಿ-ಅಂಶಗಳನ್ನು ಓದಿ ಮುಂದಿನ ದಶಕಗಳಿಗೆ ಹೆದರುವ ನಮಗೆ ಅದು ಇಂದು ಸುಲಭವಾಗಿ ಸಿಗುವುದಿಲ್ಲ. ಆ ಭರವಸೆ ಎಲ್ಲರಿಗೂ ಸಮನಾಗಿ ಹಂಚಿರಲಿಲ್ಲ ಎಂಬುದನ್ನು ಚಿತ್ರಗಳಲ್ಲಿರುವ ಮುಖಗಳೇ ಹೇಳುತ್ತವೆ, ಹೆಚ್ಚಿನವರು ಕಾರು ಇಟ್ಟುಕೊಂಡಿದ್ದ ಬಿಳಿಯ ಮಧ್ಯಮವರ್ಗದವರು. ಹಾಗಿದ್ದರೂ ಅದು ಅಮೆರಿಕದ ಸ್ವತ್ತಾಗಿರಲಿಲ್ಲ. ಆನಹೈಮಿನ ಚಂದ್ರಯಾತ್ರೆ ಮಂಗಳಯಾತ್ರೆಯಾದ ಆ 1975ರಲ್ಲಿಯೇ, ಬೆಂಗಳೂರಿನ ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ಕಟ್ಟಿದ ಆರ್ಯಭಟ ಉಪಗ್ರಹ ಏಪ್ರಿಲ್ 19ರಂದು ಕಕ್ಷೆ ಸೇರಿತು. ತಮ್ಮ ಅಣ್ಣನವರಂತೆ ಆ ಕಾಲದಲ್ಲಿ ಎಂಜಿನಿಯರಿಂಗ್ ಓದಲು ಕಡಲು ದಾಟಿದವರ ಮನಸ್ಸಿನಲ್ಲಿದ್ದದ್ದೂ ಇದೇ ನಂಬಿಕೆಯ ಒಂದು ಎಳೆ ಎಂದು ನನಗನ್ನಿಸುತ್ತದೆ.

ಈಗ ಆ ಡಬ್ಬಿಯ ವಿಷಯ. ತಾವು ಪತ್ರದಲ್ಲಿ ವರ್ಣಿಸಿರುವ ಮೂರು ಸ್ಲೈಡುಗಳಿಂದಲೇ ಬಹಳಷ್ಟು ತಿಳಿಯುತ್ತದೆ. ಮೊದಲನೆಯದರಲ್ಲಿ ಕೆಂಪು ಪಟ್ಟೆಯ ಎತ್ತರದ ಬಿಳಿ ರಾಕೆಟ್ಟು ನಿಂತಿದೆ ಎಂದಿದ್ದೀರಿ. ಅದನ್ನು 1966ರಲ್ಲಿ ತೆಗೆದುಹಾಕಿದರು, ಹಾಗಾಗಿ ಆ ಸ್ಲೈಡು 1968ರದಾಗಿರಲು ಸಾಧ್ಯವಿಲ್ಲ. ರಾಕೆಟ್ಟಿನ ಮೇಲೆ ಟಿಡಬ್ಲ್ಯೂಎ ಎಂಬುದರ ಬದಲು ಡಗ್ಲಾಸ್ ಎಂಬ ಹೆಸರಿದ್ದರೆ ಅದು 60ರ ದಶಕದ ಆರಂಭದಲ್ಲಿ ಪ್ರಾಯೋಜಕರು ಬದಲಾದ ಮೇಲಿನದು. ಭೂತಗಾಜು ಹಿಡಿದು ನೋಡಿ. ಎರಡನೆಯದರಲ್ಲಿ ಬೂದು ಜಲಾಂತರ್ಗಾಮಿಯ ಮೇಲೆ ಹಳದಿ ಮೋನೊರೈಲು (ಒಂದೇ ಹಳಿಯ ರೈಲು) ಹಾಯುತ್ತಿದೆ. 1959ರ ಜೂನ್ 14ರಂದು, ಆಗಿನ ಉಪಾಧ್ಯಕ್ಷ ರಿಚರ್ಡ್ ನಿಕ್ಸನ್ ಅವರ ಸಮ್ಮುಖದಲ್ಲಿ ಆ ಮೋನೊರೈಲು ಆರಂಭವಾದಾಗ ಕೆಂಪು, ನೀಲಿ ಗಾಡಿಗಳು ಮಾತ್ರ ಇದ್ದವು, ಹಳದಿ ಸೇರಿದ್ದು 1961ರಲ್ಲಿ. ಮೂರನೆಯದರಲ್ಲಿ ಎತ್ತರದ ಅಟ್ಟದ ಮೇಲೆ ಪುಟ್ಟ ರಾಕೆಟ್ಟುಗಳು ಸುತ್ತುತ್ತಿವೆ, ಕೆಳಗೆ ಬಣ್ಣದ ಬಂಡಿಗಳು ಸಾಗುತ್ತಿವೆ. ಅದು 1967ರ ಜುಲೈ ಬಳಿಕದ ನೋಟವೇ ಸರಿ. ಅಂದಮೇಲೆ ಅಣ್ಣನವರು ಅಲ್ಲಿಗೆ ಕಡಿಮೆಯೆಂದರೂ ಎರಡು ಸಲ ಹೋಗಿದ್ದಾರೆ, ಅತ್ತಿಗೆಯವರು ಬರೆದ ವರ್ಷ ಎರಡನೆಯ ಸಲದ್ದಿರಬೇಕು. ಸ್ಲೈಡಿನ ರಟ್ಟಿನ ಚೌಕಟ್ಟಿನ ಮೇಲೆ ತಿಂಗಳು, ವರ್ಷದ ಮುದ್ರೆ ಇರಬಹುದು. ಅದು ಫಿಲ್ಮನ್ನು ಸಂಸ್ಕರಿಸಿದ ತಿಂಗಳು. ಚಿತ್ರ ತೆಗೆದದ್ದು ಅದಕ್ಕಿಂತ ಬಹಳ ಹಿಂದೆಯೂ ಇರಬಹುದು, ಏಕೆಂದರೆ ಒಂದು ರೋಲು ಮುಗಿಸಲು ವಿದ್ಯಾರ್ಥಿಗಳು ತಿಂಗಳುಗಟ್ಟಲೆ ಕಾಯುತ್ತಿದ್ದರು.

ಕೆಂಪಾಗುವುದು ಫಿಲ್ಮಿನ ಜಾತಿಯನ್ನು ಅವಲಂಬಿಸಿದೆ. ಚೌಕಟ್ಟಿನ ಮೇಲೆ ಕೊಡಾಕ್ರೋಮ್ ಎಂದಿದ್ದರೆ ತಾವು ಭಾಗ್ಯವಂತರು: ಅದರಲ್ಲಿ ಬಣ್ಣಗಳನ್ನು ಸಂಸ್ಕರಿಸುವಾಗ ಸೇರಿಸುತ್ತಿದ್ದರು, ಕತ್ತಲಲ್ಲಿ ಇಟ್ಟರೆ ಅವು ಬಹುಕಾಲ ಬಾಳುತ್ತವೆ. ಆದರೆ ಪ್ರೊಜೆಕ್ಟರಿನ ಬೆಳಕಿನಲ್ಲಿ ಬೇಗ ಮಾಸುವುದರಿಂದ ಗೋಡೆಯ ಮೇಲೆ ಬಿಟ್ಟು ನೋಡುವ ಆಸೆಯನ್ನು ತಡೆದುಕೊಳ್ಳಿ. ಅದನ್ನು ಸಂಸ್ಕರಿಸುತ್ತಿದ್ದ ಕೊನೆಯ ಪ್ರಯೋಗಾಲಯವೂ 2010ರ ಕೊನೆಗೆ ಆ ಕೆಲಸ ನಿಲ್ಲಿಸಿತು. ಕೆಂಪಾದವು ಬಹುಶಃ ಆ ಕಾಲದ ಎಕ್ಟಾಕ್ರೋಮ್ ಅಥವಾ ಬೇರೆ ಕಂಪನಿಗಳ ಫಿಲ್ಮುಗಳು. ಅವುಗಳಲ್ಲಿ ನೀಲಿಹಸಿರು ಬಣ್ಣ ಮೊದಲು ಅಳಿದು ಕೆಂಪು ಉಳಿಯುತ್ತದೆ. ಅಳಿದದ್ದನ್ನು ಸ್ಲೈಡಿನಲ್ಲಿ ಮರಳಿ ತರಲಾಗದು, ಸ್ಕ್ಯಾನ್ ಮಾಡಿಸಿದ ಪ್ರತಿಯಲ್ಲಿ ಬಹುಮಟ್ಟಿಗೆ ತಿದ್ದಬಹುದು. ಆದ್ದರಿಂದ ಮೊದಲು ಸ್ಕ್ಯಾನ್ ಆಗಬೇಕಾದವು ಅವೇ. ಧಾರವಾಡದ ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಮುಚ್ಚಿದ ಡಬ್ಬಿಯಲ್ಲಿ, ಒಳಕೋಣೆಯ ಬೀರುವಿನಲ್ಲಿಡಿ. ನೀರಿನಿಂದ ಒರೆಸಬೇಡಿ, ಫಿಲ್ಮಿನ ಮೈಗೆ ಬೆರಳು ತಾಗಿಸಬೇಡಿ. ರಟ್ಟಿನ ಚೌಕಟ್ಟುಗಳನ್ನೂ ಅತ್ತಿಗೆಯವರ ಅಕ್ಷರವಿರುವ ಡಬ್ಬಿಯನ್ನೂ ಬಿಸಾಡದೆ ಸ್ಲೈಡುಗಳ ಜೊತೆಗೇ ಉಳಿಸಿಕೊಳ್ಳಿ.

ಸ್ಕ್ಯಾನ್ ಮಾಡಿಸಿದ ಮೇಲೆ ತಮಗೂ ಅತ್ತಿಗೆಯವರಿಗೂ ಒಪ್ಪಿಗೆಯಿದ್ದರೆ ಆ ಮೂರು ಚಿತ್ರಗಳ ಪ್ರತಿಗಳನ್ನು ನಮಗೆ ಕಳಿಸಿಕೊಡಿ. ಅಣ್ಣನವರ ಹೆಸರಿನೊಡನೆ, ಮೇಲೆ ಹೇಳಿದ ಕಾಲನಿರ್ಣಯದ ವಿವರಗಳನ್ನೂ ಸೇರಿಸಿ ಪ್ರಕಟಿಸುತ್ತೇವೆ. ಮೂಲ ಸ್ಲೈಡುಗಳನ್ನು ದಯವಿಟ್ಟು ಅಂಚೆಯಲ್ಲಿ ಕಳಿಸಬೇಡಿ.

— ಸಂ.