ಮಗಳ ಪ್ರಾಜೆಕ್ಟಿಗೆ: ನೈರೋಬಿಯ ನ್ಜಾಂಬಿ ಮಾಟೀ

ಮೇಡಂ, ಮಗಳ ಒಂಬತ್ತನೇ ಕ್ಲಾಸಿನ ಪ್ರಾಜೆಕ್ಟಿಗೆ ತಮ್ಮ ಊರಿಗೆ ಉಪಯೋಗ ಆಗುವ ಕೆಲಸ ಮಾಡಿದ ಆಫ್ರಿಕಾದ ಯುವಕ ಅಥವಾ ಯುವತಿಯೊಬ್ಬರು ಬೇಕು, ಸುಮ್ನೆ ಭಾಷಣ ಮಾಡಿದವರು ಬೇಡ ಅಂತ ಕೇಳಿದ್ದೀರಿ. ಪ್ಲಾಸ್ಟಿಕ್ ಕಸದಿಂದ ಇಟ್ಟಿಗೆ ಮಾಡುವ ಕೀನ್ಯಾದ ಯುವತಿ ನ್ಜಾಂಬಿ ಮಾಟೀ ಅವರನ್ನು ತಗೊಳ್ಳಿ.

ಕೀನ್ಯಾದ ರಾಜಧಾನಿ ನೈರೋಬಿಯ ಬೀದಿಗಳಲ್ಲಿ ಬಿದ್ದಿರುವ ಪ್ಲಾಸ್ಟಿಕ್ ನೋಡಿ ನೋಡಿ ಬೇಸತ್ತು, 2017ರಲ್ಲಿ ಕೈಯಲ್ಲಿದ್ದ ಕೆಲಸ ಬಿಟ್ಟರು. ಅಮ್ಮನ ಮನೆ ಹಿತ್ತಲೇ ಅವರ ಪ್ರಯೋಗಶಾಲೆ. ಮಷೀನಿನ ಸದ್ದಿಗೆ ಅಕ್ಕಪಕ್ಕದವರು ಗೊಣಗಿದರು. ಮೊದಲ ಇಟ್ಟಿಗೆ ಸರಿಯಾಗಿ ಬರೋದಕ್ಕೇ ಸುಮಾರು ಒಂಬತ್ತು ತಿಂಗಳು ಹಿಡಿಯಿತು! ನನಗೆ ಜಾಸ್ತಿ ಇಷ್ಟವಾಗುವುದು ಈ ಒಂಬತ್ತು ತಿಂಗಳೇ. ಮಗಳು ಇದನ್ನು ಖಂಡಿತ ಬರೆಯಲಿ.

ಕೆಲಸ ಹೀಗೆ: ಹಾಲಿನ ಕ್ಯಾನ್, ಶಾಂಪೂ ಬಾಟಲಿ, ಬಕೆಟ್ ಮುಚ್ಚಳದಂಥ ಪ್ಲಾಸ್ಟಿಕ್ಕನ್ನು ಬೇರೆ ಮಾಡಿ, ಮರಳಿನ ಜೊತೆ ಬೆರೆಸಿ, ಬಿಸಿ ಮಾಡಿ, ಪ್ರೆಸ್‌ನಲ್ಲಿ ಒತ್ತುತ್ತಾರೆ. ಇಲ್ಲಿ ಸಿಮೆಂಟಿನ ಜಾಗದಲ್ಲಿ ಮರಳನ್ನು ಹಿಡಿದಿಡುವುದು ಕರಗಿದ ಪ್ಲಾಸ್ಟಿಕ್. ನಮ್ಮ ಫುಟ್‌ಪಾತಿಗೆ ಹಾಕುವ ಇಂಟರ್‌ಲಾಕ್ ಕಲ್ಲು ನೋಡಿದ್ದೀರಲ್ವಾ, ಅದೇ ಥರ ಬಣ್ಣಬಣ್ಣದ್ದು. ಅವರ ಕಂಪನಿ ಹೆಸರು ಗ್ಜೆಂಗೆ ಮೇಕರ್ಸ್. 2020ರಲ್ಲಿ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ ಅವರನ್ನು 'ಯಂಗ್ ಚಾಂಪಿಯನ್ಸ್ ಆಫ್ ದಿ ಅರ್ತ್' ಪಟ್ಟಿಗೆ ಆರಿಸಿತು.

ಒಂದು ಮಾತು. ಮಾಡೆಲ್ ಮಾಡಲು ಮನೆಯಲ್ಲಿ ಪ್ಲಾಸ್ಟಿಕ್ ಕರಗಿಸಬೇಡಿ, ಆ ಹೊಗೆ ಕೆಟ್ಟದ್ದು. ಮೂರು ಡಬ್ಬಿಯಲ್ಲಿ ಮೂರು ಬಗೆಯ ಪ್ಲಾಸ್ಟಿಕ್, ಪಕ್ಕದಲ್ಲಿ ಒಂದು ಹಿಡಿ ಮರಳು ಇಟ್ಟರೆ ಸಾಕು.