ತೆಂಗಿನೆಣ್ಣೆಯ ಅಡುಗೆ ಮತ್ತು ಹೃದಯದ ಆರೋಗ್ಯ: ಓದುಗರ ಪ್ರಶ್ನೆಗಳಿಗೆ ಉತ್ತರ

ಅಡುಗೆ ಎಣ್ಣೆಯ ಬಗ್ಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ತೆಂಗಿನೆಣ್ಣೆಯನ್ನು ಕುರಿತಾಗಿದ್ದುದರಿಂದ ಈ ಸಂಚಿಕೆಯ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮದು ಪುತ್ತೂರಿನ ಹತ್ತಿರದ ಕೃಷಿಕ ಕುಟುಂಬ. ತೋಟದ ಕಾಯಿಯನ್ನು ಒಣಗಿಸಿ, ಗಾಣಕ್ಕೆ ಕೊಟ್ಟು ಎಣ್ಣೆ ಮಾಡಿಸಿಕೊಳ್ಳುತ್ತೇವೆ. ಒಗ್ಗರಣೆಯಿಂದ ಹಿಡಿದು ಹಪ್ಪಳ ಕರಿಯುವವರೆಗೆ ಅದೊಂದೇ ಎಣ್ಣೆ. 84 ವರ್ಷದ ಅತ್ತೆಯವರು ಇದನ್ನೇ ಉಂಡು ಇಂದಿಗೂ ಗಟ್ಟಿಮುಟ್ಟಾಗಿದ್ದಾರೆ. 52 ವರ್ಷದ ನನಗೆ ರಕ್ತಪರೀಕ್ಷೆಯಲ್ಲಿ ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನಲಾಗುವ ಎಲ್‌ಡಿಎಲ್ 168 ಬಂದಿದ್ದು, ತೆಂಗಿನೆಣ್ಣೆ ಬಿಡಬೇಕೆಂದು ವೈದ್ಯರು ಹೇಳಿದ್ದಾರೆ. ಅತ್ತೆಯವರಿಗೆ ಆಗದ ತೊಂದರೆ ನನಗೇಕೆ? ನಿಜವಾಗಿಯೂ ಬಿಡಬೇಕೇ?
– ಒಬ್ಬ ಓದುಗರು, ದಕ್ಷಿಣ ಕನ್ನಡ

ಉತ್ತರ: ವೈದ್ಯರ ಮಾತನ್ನು ಪಾಲಿಸಿ ಎಂದೇ ನಾನೂ ಹೇಳುತ್ತೇನೆ. ಆದರೆ ಅತ್ತೆಯವರ ಬಗ್ಗೆ ನೀವು ಕೇಳಿದ ಪ್ರಶ್ನೆಗೂ ಸರಿಯಾದ ಉತ್ತರ ಸಿಗಬೇಕು. ಕರಾವಳಿಯ ಮನೆಮನೆಯಲ್ಲೂ ಬರುವ ಈ ಮಾತನ್ನು ತಳ್ಳಿಹಾಕಿ ಕೊಡುವ ಸಲಹೆ ಯಾರ ಮನಸ್ಸಿಗೂ ನಾಟುವುದಿಲ್ಲ.

ತೆಂಗಿನೆಣ್ಣೆಯಲ್ಲಿ ನೂರಕ್ಕೆ ತೊಂಬತ್ತರ ಆಸುಪಾಸಿನಷ್ಟು ಸ್ಯಾಚುರೇಟೆಡ್ ಕೊಬ್ಬು ಇದೆ. ಬೆಣ್ಣೆ, ತುಪ್ಪಗಳಲ್ಲಿ ಕೂಡ ಇಷ್ಟಿರುವುದಿಲ್ಲ. ಎಣ್ಣೆಯ ಸುಮಾರು ಅರ್ಧಭಾಗ ಲಾರಿಕ್ ಆಮ್ಲ. ಅದರ ನಂತರದ ದೊಡ್ಡ ಪಾಲು ಮಿರಿಸ್ಟಿಕ್ ಆಮ್ಲದ್ದು. ರಕ್ತದಲ್ಲಿರುವ ಎಲ್‌ಡಿಎಲ್ ಅನ್ನು ಹಿಂದಕ್ಕೆ ಸೆಳೆದುಕೊಳ್ಳುವ ಯಕೃತ್ತಿನ ಕೆಲಸವನ್ನು ಇಂಥ ಕೊಬ್ಬುಗಳು ಕುಂಠಿತಗೊಳಿಸುವುದರಿಂದ ಎಲ್‌ಡಿಎಲ್ ಏರುತ್ತದೆ. 16 ಪ್ರಯೋಗಗಳ ಫಲಿತಾಂಶಗಳನ್ನು ಒಟ್ಟುಗೂಡಿಸಿ ಅಮೆರಿಕದ ‘ಸರ್ಕ್ಯುಲೇಷನ್’ ವೈದ್ಯಕೀಯ ಪತ್ರಿಕೆ 2020ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಸೂರ್ಯಕಾಂತಿ, ಸೋಯಾ, ಆಲಿವ್‌ನಂಥ ಎಣ್ಣೆಗಳ ಬದಲು ತೆಂಗಿನೆಣ್ಣೆ ಬಳಸಿದವರಲ್ಲಿ ಎಲ್‌ಡಿಎಲ್ ಡೆಸಿಲೀಟರಿಗೆ ಸರಾಸರಿ 10 ಮಿಲಿಗ್ರಾಂನಷ್ಟು ಹೆಚ್ಚಿತ್ತು. ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನಲಾಗುವ ಎಚ್‌ಡಿಎಲ್ ಕೂಡ 4 ಮಿಲಿಗ್ರಾಂನಷ್ಟು ಹೆಚ್ಚಿತ್ತು. ತೆಂಗಿನೆಣ್ಣೆಯ ಪರ ಮಾತನಾಡುವವರು ಈ ಎರಡನೆಯ ಅಂಕಿಯನ್ನೇ ಎತ್ತಿ ಹೇಳುತ್ತಾರೆ. ಆದರೆ ಎಚ್‌ಡಿಎಲ್ ಅನ್ನು ಏರಿಸಲೆಂದೇ ತಯಾರಿಸಿದ ಔಷಧಗಳು ಆ ಕಾರಣಕ್ಕೆ ಹೃದಯಾಘಾತವನ್ನು ತಗ್ಗಿಸಿದ್ದು ಕಂಡುಬರಲಿಲ್ಲವಾದ್ದರಿಂದ, ಎಲ್‌ಡಿಎಲ್‌ನ ಏರಿಕೆಗೆ ಅದನ್ನು ಸಮಾಧಾನವಾಗಿ ಇಟ್ಟುಕೊಳ್ಳಲಾಗದು.

ಎಲ್ಲ ಪ್ರಯೋಗಗಳೂ ಒಂದೇ ದಿಕ್ಕಿಗೆ ಬೊಟ್ಟು ಮಾಡಿಲ್ಲ ಎಂಬುದನ್ನೂ ಹೇಳಬೇಕು. ಬ್ರಿಟನ್ನಿನಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾಲ್ಕು ವಾರ ದಿನಕ್ಕೆ 50 ಗ್ರಾಂ ಕೊಬ್ಬು ತಿಂದವರ ಪೈಕಿ ಬೆಣ್ಣೆಯ ಗುಂಪಿನಲ್ಲಿ ಎಲ್‌ಡಿಎಲ್ ಏರಿತು, ತೆಂಗಿನೆಣ್ಣೆಯ ಗುಂಪಿನಲ್ಲಿ ಏರಲಿಲ್ಲ. ಕೇರಳದಲ್ಲಿ 200 ಹೃದ್ರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ತೆಂಗಿನೆಣ್ಣೆ, ಇನ್ನೊಂದಕ್ಕೆ ಸೂರ್ಯಕಾಂತಿ ಎಣ್ಣೆ ಕೊಟ್ಟು ಎರಡು ವರ್ಷ ಗಮನಿಸಿದಾಗಲೂ ಕೊಲೆಸ್ಟ್ರಾಲ್‌ನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಮೊದಲನೆಯದು ನಾಲ್ಕೇ ವಾರಗಳ ಪ್ರಯೋಗ. ಎರಡನೆಯದರಲ್ಲಿದ್ದವರು ಕೊಲೆಸ್ಟ್ರಾಲ್ ತಗ್ಗಿಸುವ ಮಾತ್ರೆಯ ಚಿಕಿತ್ಸೆಯಲ್ಲಿದ್ದವರು. ಮಾತ್ರೆ ತೆಗೆದುಕೊಳ್ಳದ ನಿಮಗೆ ಆ ಫಲಿತಾಂಶವನ್ನು ಹಾಗೆಯೇ ಅನ್ವಯಿಸಿಕೊಳ್ಳಲು ಬರುವುದಿಲ್ಲ.

ಇನ್ನು ಅತ್ತೆಯವರ ವಿಷಯ. ತೆಂಗನ್ನೇ ನೆಚ್ಚಿಕೊಂಡ ಜನ ಜಗತ್ತಿನ ಬೇರೆ ಕಡೆಯೂ ಇದ್ದಾರೆ. ಪೆಸಿಫಿಕ್ ಸಾಗರದ ಟೊಕೆಲಾವ್ ದ್ವೀಪದವರು ಊಟದ ಕ್ಯಾಲೊರಿಯಲ್ಲಿ ನೂರಕ್ಕೆ 63ರಷ್ಟನ್ನು, ಪುಕಪುಕ ದ್ವೀಪದವರು 34ರಷ್ಟನ್ನು ತೆಂಗಿನಿಂದಲೇ ಪಡೆಯುತ್ತಿದ್ದರೆಂದು 1981ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಎರಡೂ ಕಡೆ ರಕ್ತನಾಳದ ಕಾಯಿಲೆ ವಿರಳವಾಗಿತ್ತು. ಈ ಅಧ್ಯಯನವನ್ನು ಉಲ್ಲೇಖಿಸುವವರು ಎರಡು ಸಂಗತಿಗಳನ್ನು ಬಿಟ್ಟುಬಿಡುತ್ತಾರೆ. ತೆಂಗನ್ನು ಹೆಚ್ಚು ತಿನ್ನುತ್ತಿದ್ದ ಟೊಕೆಲಾವ್‌ನವರ ಕೊಲೆಸ್ಟ್ರಾಲ್ ಪುಕಪುಕದವರಿಗಿಂತ ಹೆಚ್ಚೇ ಇತ್ತು. ಅಲ್ಲದೆ ಅವರು ತಿನ್ನುತ್ತಿದ್ದುದು ಬಾಟಲಿಯ ಎಣ್ಣೆಯನ್ನಲ್ಲ, ಮೀನು ಮತ್ತು ದೀವಿಹಲಸಿನ ಜೊತೆಗೆ ನಾರು ಸಮೇತವಾದ ತೆಂಗಿನಕಾಯಿಯನ್ನು. ಅದೇ ಜನ ನ್ಯೂಜಿಲೆಂಡಿಗೆ ವಲಸೆ ಹೋದ ಮೇಲೆ ಅವರಲ್ಲಿ ಬೊಜ್ಜು, ರಕ್ತದೊತ್ತಡ, ಮಧುಮೇಹಗಳು ಹೆಚ್ಚಿದವು. ಊಟದ ಒಂದು ಪದಾರ್ಥವನ್ನು ಮಾತ್ರ ಹೊರಗೆಳೆದು ತೀರ್ಮಾನ ಕೊಡಲಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ತಿಳಿದಿಲ್ಲ.

ನಿಮ್ಮ ಅತ್ತೆಯವರು ಮದುವೆಯಾಗಿ ಬಂದ ಕಾಲದಲ್ಲಿ ಮನೆಯ ಊಟ ಹೇಗಿತ್ತೆಂದು ಅವರನ್ನೇ ಕೇಳಿ ನೋಡಿ. ಬೆಳಿಗ್ಗೆ ಕುಚ್ಚಲಕ್ಕಿ ಗಂಜಿ, ಜೊತೆಗೆ ಚಟ್ನಿಯೋ ಮಾವಿನ ಮಿಡಿಯೋ. ಮಧ್ಯಾಹ್ನಕ್ಕೆ ಬಸಳೆ, ಹರಿವೆ, ಸೌತೆಕಾಯಿಯ ಹುಳಿ. ಮೀನು ತಿನ್ನುವ ಮನೆಯಾದರೆ ಬೂತಾಯಿ ಅಥವಾ ಬಂಗುಡೆ. ಎಣ್ಣೆ ಬೀಳುತ್ತಿದ್ದುದು ಮುಖ್ಯವಾಗಿ ಒಗ್ಗರಣೆಯ ಸೌಟಿಗೆ: ಸಾಸಿವೆ ಸಿಡಿದು, ಜಜ್ಜಿದ ಬೆಳ್ಳುಳ್ಳಿ ಕೆಂಪಾಗಲು ಬೇಕಾಗುವಷ್ಟು, ಅದೂ ಇಡೀ ಮನೆಯ ಸಾರಿಗೆ ಒಂದು ಸಲ. ಕರಿದ ತಿಂಡಿ ಹಬ್ಬಕ್ಕೆ ಅಥವಾ ನೆಂಟರು ಬಂದಾಗ. ಗದ್ದೆ, ತೋಟ, ಬಾವಿ, ಕೊಟ್ಟಿಗೆಗಳ ಕೆಲಸ ದಿನವಿಡೀ ಇತ್ತು. ಈಗ ಅದೇ ಎಣ್ಣೆಯ ಜೊತೆಗೆ ಬೇಕರಿ ತಿಂಡಿ, ಸಕ್ಕರೆ ಹಾಕಿದ ಚಹಾ, ಕುಳಿತು ಮಾಡುವ ಕೆಲಸಗಳು ಸೇರಿಕೊಂಡಿವೆ. ಇನ್ನೊಂದು ಮಾತನ್ನು ನೋವಿನಿಂದಲೇ ಹೇಳಬೇಕಾಗಿದೆ: 80 ದಾಟಿ ಬದುಕಿದವರು ನಮ್ಮ ಕಣ್ಣಿಗೆ ಬೀಳುತ್ತಾರೆ, ಅದೇ ಊಟ ಉಂಡು 55ಕ್ಕೇ ಎದೆನೋವಿನಿಂದ ತೀರಿಕೊಂಡ ಅವರ ಓರಗೆಯವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ.

ಹಾಗಾದರೆ ಎಷ್ಟು? ತಿಂಗಳಿಗೆ ಮನೆಗೆ ತಗಲುವ ಎಣ್ಣೆಯನ್ನು ಊಟ ಮಾಡುವ ತಲೆಗಳಿಂದ ಭಾಗಿಸಿ. ನಾಲ್ಕು ಮಂದಿಗೆ ನಾಲ್ಕು ಲೀಟರ್ ಮುಗಿಯುತ್ತಿದ್ದರೆ ಒಬ್ಬರಿಗೆ ದಿನಕ್ಕೆ ಸುಮಾರು 30 ಗ್ರಾಂ ಬರುತ್ತದೆ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬೇ 27 ಗ್ರಾಂ. ಅದು ದಿನದ ಕ್ಯಾಲೊರಿಯ ಹತ್ತನೇ ಒಂದು ಭಾಗವನ್ನು ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ; ಅಂದರೆ 2000 ಕ್ಯಾಲೊರಿ ಉಣ್ಣುವವರಿಗೆ 22 ಗ್ರಾಂ. ಹಾಲು, ತುಪ್ಪ, ತೆಂಗಿನ ತುರಿ ಲೆಕ್ಕಕ್ಕೆ ಬರುವ ಮೊದಲೇ ಮಿತಿ ದಾಟಿದಂತಾಯಿತು. ಮನೆಯ ಎಣ್ಣೆಗೆ ದುಡ್ಡು ಕೊಡಬೇಕಾಗಿಲ್ಲವಾದ್ದರಿಂದ ತೋಟವಿರುವ ಮನೆಗಳಲ್ಲಿ ಕೈ ಧಾರಾಳವಾಗುವುದು ಸಹಜ.

ನೀವು ದಿನದ ಅಡುಗೆಯನ್ನು ನೆಲಗಡಲೆ ಅಥವಾ ಎಳ್ಳೆಣ್ಣೆಗೆ ಬದಲಾಯಿಸಿ, ಒಟ್ಟು ಪ್ರಮಾಣವನ್ನೂ ಇಳಿಸಿ. ಪರಿಮಳಕ್ಕೆಂದು ಒಗ್ಗರಣೆಗೆ ಒಂದು ಚಹಾ ಚಮಚ ತೆಂಗಿನೆಣ್ಣೆ ಉಳಿಸಿಕೊಳ್ಳಲು ವೈದ್ಯರು ಒಪ್ಪಿದರೆ ಅಷ್ಟಕ್ಕೆ ನಿಲ್ಲಿಸಿ. ಮೂರು ತಿಂಗಳ ನಂತರ ಮತ್ತೆ ರಕ್ತಪರೀಕ್ಷೆ ಮಾಡಿಸಿ. ಥೈರಾಯಿಡ್ ಪರೀಕ್ಷೆ ಆಗಿದೆಯೇ ಎಂದೂ ವಿಚಾರಿಸಿ, ಏಕೆಂದರೆ ಥೈರಾಯಿಡ್ ಕಡಿಮೆಯಾದಾಗ ಎಲ್‌ಡಿಎಲ್ ಏರುತ್ತದೆ. ಮುಟ್ಟು ನಿಲ್ಲುವ ವಯಸ್ಸಿನಲ್ಲೂ ಅದು ಏರುವುದುಂಟು. ಎಲ್ಲ ತಪ್ಪನ್ನೂ ಎಣ್ಣೆಯ ತಲೆಗೆ ಕಟ್ಟಿ ಈ ಕಾರಣಗಳನ್ನು ಕಡೆಗಣಿಸಬಾರದು. ಮಾತ್ರೆ ಬೇಕೆಂದು ವೈದ್ಯರು ಹೇಳಿದರೆ ದಯವಿಟ್ಟು ಹಿಂಜರಿಯಬೇಡಿ.

ಪ್ರಶ್ನೆ: ನಮ್ಮದು ತಿಪಟೂರಿನ ಕಡೆ. ಕೊಬ್ಬರಿ ಬೆಳೆಯುವವರಾದರೂ ಅಡುಗೆಗೆ ಕಡಲೆಕಾಯಿ ಎಣ್ಣೆ ಬಳಸುತ್ತೇವೆ. ಕೊಬ್ಬರಿ ಎಣ್ಣೆ ತಲೆಗೆ ಮಾತ್ರ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಕಾಫಿಗೆ ಎರಡು ಚಮಚ ಕೊಬ್ಬರಿ ಎಣ್ಣೆ ಹಾಕಿ ಕುಡಿದರೆ ತೂಕ ಇಳಿಯುತ್ತದೆ ಎಂಬ ವಿಡಿಯೊ ನೋಡಿ ಮಗ ಶುರು ಮಾಡಿದ್ದಾನೆ. ಅಡುಗೆಗೂ ಅದನ್ನೇ ಬಳಸೋಣ ಎನ್ನುತ್ತಾನೆ.
– ಒಬ್ಬ ಓದುಗರು, ತುಮಕೂರು ಜಿಲ್ಲೆ

ಉತ್ತರ: ಕಾಫಿಗೆ ಎಣ್ಣೆ ಹಾಕುವುದನ್ನು ನಿಲ್ಲಿಸಲು ಹೇಳಿ. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 120 ಕ್ಯಾಲೊರಿ ಇರುತ್ತದೆ. ಎರಡು ಚಮಚವೆಂದರೆ ಹೆಚ್ಚುಕಡಿಮೆ ಒಂದು ತಿಂಡಿಯಷ್ಟಾಯಿತು. ತೂಕ ಇಳಿಯುತ್ತದೆಂಬ ಮಾತು ಹುಟ್ಟಿದ್ದು ಎಂಸಿಟಿ ಎಂಬ ವಿಶೇಷ ಎಣ್ಣೆಯ ಪ್ರಯೋಗಗಳಿಂದ. ಅದರಲ್ಲಿರುವುದು ಬಹುಪಾಲು 8 ಮತ್ತು 10 ಇಂಗಾಲದ ಸಣ್ಣ ಕೊಬ್ಬಿನಾಮ್ಲಗಳು. ಅವು ಕರುಳಿನಿಂದ ನೇರವಾಗಿ ಯಕೃತ್ತಿಗೆ ಹೋಗಿ ಬೇಗ ಬಳಕೆಯಾಗುತ್ತವೆ. ಕೊಬ್ಬರಿ ಎಣ್ಣೆಯಲ್ಲಿ ಅವುಗಳ ಪಾಲು ಬಹಳ ಸಣ್ಣದು. ಅದರ ಮುಖ್ಯ ಅಂಶವಾದ ಲಾರಿಕ್ ಆಮ್ಲದ ಬಹುಭಾಗ ಉಳಿದ ದೊಡ್ಡ ಕೊಬ್ಬುಗಳಂತೆಯೇ ದುಗ್ಧರಸದ ಮೂಲಕ ರಕ್ತಕ್ಕೆ ಸೇರುತ್ತದೆ. ಒಂದರ ಗುಣವನ್ನು ಇನ್ನೊಂದಕ್ಕೆ ಆರೋಪಿಸಿ ಮಾರಾಟ ಮಾಡುತ್ತಿರುವುದು ನನಗೆ ತೀರಾ ಬೇಸರದ ಸಂಗತಿ.

ಕಡಲೆಕಾಯಿ ಎಣ್ಣೆ ಬಿಡಲು ನಿಮಗೆ ಯಾವ ಕಾರಣವೂ ಇಲ್ಲ. ಅದರಲ್ಲಿ ಸ್ಯಾಚುರೇಟೆಡ್ ಕೊಬ್ಬು ಐದನೇ ಒಂದು ಭಾಗಕ್ಕಿಂತ ಹೆಚ್ಚಿರುವುದಿಲ್ಲ. ದೇಹ ತಾನಾಗಿ ತಯಾರಿಸಿಕೊಳ್ಳಲಾರದ ಲಿನೊಲಿಕ್ ಆಮ್ಲವೂ ಅದರಲ್ಲಿ ಧಾರಾಳವಾಗಿದೆ. ಕೊಬ್ಬರಿ ಎಣ್ಣೆಯಲ್ಲಿ ಅದು ನೂರಕ್ಕೆ ಎರಡರಷ್ಟು ಮಾತ್ರ.

ಪ್ರಶ್ನೆ: ಎಣ್ಣೆ ಬೇಡವೆಂದರೆ ಕಾಯಿತುರಿಯೂ ಬೇಡವೇ? ಚಟ್ನಿ, ಪಲ್ಯ, ಹುಳಿ ಎಲ್ಲಕ್ಕೂ ನಮಗೆ ಕಾಯಿ ಬೇಕು.
– ಒಬ್ಬ ಓದುಗರು, ಉಡುಪಿ

ಉತ್ತರ: ಬೇಡವೆನ್ನುವುದಿಲ್ಲ, ಆದರೆ ಲೆಕ್ಕದಿಂದ ಹೊರಗಿಡಬೇಡಿ. 100 ಗ್ರಾಂ ಹಸಿ ತುರಿಯಲ್ಲಿ ಸುಮಾರು 33 ಗ್ರಾಂ ಕೊಬ್ಬಿದ್ದರೂ, ಎಣ್ಣೆಯಲ್ಲಿ ಚೂರೂ ಇಲ್ಲದ ನಾರು 9 ಗ್ರಾಂನಷ್ಟಿರುತ್ತದೆ. ತುರಿ ಅರೆದು ಹಾಕಿದ ಹುಳಿಗೆ ಎಣ್ಣೆ ಹೆಚ್ಚು ಬೇಕಾಗುವುದಿಲ್ಲ. ಕಾಯಿ ಹಾಕಿದ ದಿನ ಒಗ್ಗರಣೆಯನ್ನು ಹಗುರ ಮಾಡಿ. ತುರಿ ಹಿಂಡಿ ತೆಗೆದ ಕಾಯಿಹಾಲಿನಲ್ಲಿ ನಾರು ಚರಟದ ಜೊತೆ ಹೊರಟುಹೋಗುವುದರಿಂದ ಅದನ್ನು ಎಣ್ಣೆಯ ಸಾಲಿಗೇ ಸೇರಿಸಿಕೊಳ್ಳಿ.

ಪ್ರಶ್ನೆ: ಹಲಸಿನ ಹಪ್ಪಳ ಕರಿದು ಉಳಿದ ತೆಂಗಿನೆಣ್ಣೆಯನ್ನು ಎಷ್ಟು ಸಲ ಬಳಸಬಹುದು?
– ಒಬ್ಬ ಓದುಗರು, ಸುಳ್ಯ

ಉತ್ತರ: ಮತ್ತೆ ಕರಿಯಲು ಬಳಸಬೇಡಿ. ಸೋಸಿ, ಒಂದೆರಡು ದಿನದೊಳಗೆ ಪಲ್ಯ ಅಥವಾ ಸಾರಿನ ಒಗ್ಗರಣೆಗೆ ಮುಗಿಸಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಮಾರ್ಗಸೂಚಿಯೂ ಇದನ್ನೇ ಹೇಳುತ್ತದೆ. ಬೇಗ ಆಕ್ಸಿಡೀಕರಣಗೊಳ್ಳುವ ಕೊಬ್ಬು ಕಡಿಮೆಯಿರುವುದರಿಂದ ತೆಂಗಿನೆಣ್ಣೆ ಸೂರ್ಯಕಾಂತಿ ಎಣ್ಣೆಗಿಂತ ಬಿಸಿಯನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಗಾಣದೆಣ್ಣೆ ಸುಮಾರು 175 ಡಿಗ್ರಿಗೇ ಹೊಗೆಯಾಡತೊಡಗುತ್ತದೆ. ಹೊಗೆ ಕಂಡೊಡನೆ ಉರಿ ತಗ್ಗಿಸಿ.

ಪ್ರಶ್ನೆ: ಗಾಣದೆಣ್ಣೆ, ಅಂಗಡಿಯ ರಿಫೈನ್ಡ್ ಎಣ್ಣೆ, ದುಬಾರಿ ವರ್ಜಿನ್ ಎಣ್ಣೆ – ಇವುಗಳಲ್ಲಿ ಯಾವುದು ಉತ್ತಮ?
– ಒಬ್ಬ ಓದುಗರು, ಬೆಂಗಳೂರು

ಉತ್ತರ: ಕೊಬ್ಬಿನ ದೃಷ್ಟಿಯಿಂದ ಮೂರೂ ಬಹುತೇಕ ಒಂದೇ. ಹಸಿ ಕಾಯಿಯಿಂದ ತೆಗೆದ ವರ್ಜಿನ್ ಎಣ್ಣೆಯಲ್ಲಿ ಪಾಲಿಫಿನಾಲ್ ಎಂಬ ಸಸ್ಯಜನ್ಯ ಅಂಶಗಳು ಸ್ವಲ್ಪ ಹೆಚ್ಚು ಉಳಿದಿರುತ್ತವೆ, ಅಷ್ಟಕ್ಕಾಗಿ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ. ಗಾಣದೆಣ್ಣೆಯಲ್ಲಿ ನೋಡಬೇಕಾದದ್ದು ಕೊಬ್ಬರಿಯನ್ನು. ಮಳೆಗಾಲದಲ್ಲಿ ಸರಿಯಾಗಿ ಒಣಗದ ಕೊಬ್ಬರಿಯ ಒಳಮೈಯಲ್ಲಿ ಹಳದಿ-ಹಸಿರು ಅಥವಾ ಕಪ್ಪು ಬೂಸ್ಟು ಹಿಡಿಯುತ್ತದೆ. ಕೆಲವು ಬೂಸ್ಟುಗಳು ಅಫ್ಲಾಟಾಕ್ಸಿನ್ ಎಂಬ, ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗಬಲ್ಲ ವಿಷವನ್ನು ಉತ್ಪಾದಿಸುತ್ತವೆ. ಅಡುಗೆಯ ಬಿಸಿಗೆ ಅದು ನಾಶವಾಗುವುದಿಲ್ಲ. ರಿಫೈನ್ಡ್ ಎಣ್ಣೆಯಲ್ಲಿ ಶುದ್ಧೀಕರಣದ ಹಂತದಲ್ಲೇ ಬಹುಪಾಲು ಹೊರಹೋಗುತ್ತದೆ, ಗಾಣದೆಣ್ಣೆಗೆ ಅಂಥ ಹಂತವೇ ಇಲ್ಲ. ಆದ್ದರಿಂದ ಕೊಬ್ಬರಿ ಮುರಿದಾಗ ಪಟ್ಟನೆ ತುಂಡಾಗುವಷ್ಟು ಒಣಗಿರಬೇಕು, ಬೂಸ್ಟು ಹಿಡಿದ ಹೋಳುಗಳನ್ನು ಗಾಣಕ್ಕೆ ಹಾಕುವ ಮೊದಲೇ ಆರಿಸಿ ತೆಗೆಯಬೇಕು. ಎಣ್ಣೆಯನ್ನು ಊರಿನಿಂದ ತರಿಸಿಕೊಳ್ಳುವುದಾದರೆ ಇಷ್ಟನ್ನು ಊರಿನವರಿಗೆ ತಿಳಿಸಿ. ಆರಿಸಿ ತೆಗೆದ ಹೋಳುಗಳನ್ನಾಗಲಿ, ಅಂಥ ಕೊಬ್ಬರಿಯ ಹಿಂಡಿಯನ್ನಾಗಲಿ ಹಸುವಿಗೆ ಹಾಕಬಾರದು; ಆ ವಿಷದ ಒಂದಂಶ ಹಾಲಿನಲ್ಲಿ ಇಳಿದು ಮನೆಯ ಮಕ್ಕಳ ಲೋಟಕ್ಕೇ ಬರುತ್ತದೆ.