ಮೂರು ಮಾರ್ಕ್ಸಿಗೆ ಹೈಕೋರ್ಟಾ? ಓದುಗರ ಪ್ರಶ್ನೆ, ವಕೀಲರ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಎಂಬಿಬಿಎಸ್ ರಿಸಲ್ಟ್ ಬಗ್ಗೇನೇ ಇದ್ವು, ಹಾಗಾಗಿ ಜಮೀನು, ಬಾಡಿಗೆ ತಕರಾರು ಎಲ್ಲ ಮುಂದಿನ ಸಂಚಿಕೆಗೆ ಇಟ್ಟು ಇವತ್ತು ಇದೊಂದೇ ವಿಷಯ ತಗೊಂಡಿದೀನಿ. ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಸರ್, ಮಗಳು ಫಸ್ಟ್ ಇಯರ್ ಎಂಬಿಬಿಎಸ್. ಅನಾಟಮಿಯಲ್ಲಿ ಎರಡು ಥಿಯರಿ ಪೇಪರ್ ಸೇರಿ 200ಕ್ಕೆ 97 ಬಂದಿದೆ, ಪ್ರಾಕ್ಟಿಕಲ್ ಮತ್ತೆ ವೈವಾ ಸೇರಿ 100ಕ್ಕೆ 71. ಒಟ್ಟು 300ಕ್ಕೆ 168 ಅಂದ್ರೆ 56 ಪರ್ಸೆಂಟ್, ಆದ್ರೂ ಫೇಲ್ ಅಂತಾರೆ. ನಮ್ಮ ಅಣ್ಣನ ಮಗ 2012ರಲ್ಲಿ ಸೇರಿದವನು, ಥಿಯರಿಯಲ್ಲಿ ಇವಳಿಗಿಂತ ಕಡಿಮೆ ಪರ್ಸೆಂಟ್ ತಗೊಂಡು ಪಾಸಾಗಿದ್ದ. ಇದು ತಾರತಮ್ಯ ಅಲ್ವಾ?

ಉತ್ತರ: ನಿಮ್ಮ ಸಿಟ್ಟು ಅರ್ಥ ಆಗುತ್ತೆ, ಆದ್ರೆ ಒಟ್ಟು 56 ಅನ್ನೋ ಲೆಕ್ಕ ಇಲ್ಲಿ ನಡೆಯಲ್ಲ. ನಿಮ್ಮ ಮಗಳ ಬ್ಯಾಚಿನ ರೂಲಲ್ಲಿ ಥಿಯರಿಗೆ ಬೇರೆ 50, ಪ್ರಾಕ್ಟಿಕಲ್‌ಗೆ ಬೇರೆ 50, ಎರಡೂ ಬಾಗಿಲು ದಾಟ್ಬೇಕು. 200ಕ್ಕೆ 97 ಅಂದ್ರೆ ನಲವತ್ತೆಂಟೂವರೆ, ಮೂರು ಮಾರ್ಕ್ಸ್ ಸಾಲದು ಅಷ್ಟೇ.

ಇನ್ನು ಅಣ್ಣನ ಮಗನ ಕಥೆ. ಅವನು ಓದಿದ್ದು ಮೆಡಿಕಲ್ ಕೌನ್ಸಿಲ್‌ನವರ 1997ರ ರೆಗ್ಯುಲೇಷನ್ ಕೆಳಗೆ. ಆಗ ಅನಾಟಮಿ ಥಿಯರಿ 100ಕ್ಕೆ, ವೈವಾ 20ಕ್ಕೆ, ಪಾಸಿಗೆ ನೋಡ್ತಿದ್ದಿದ್ದು 'ವೈವಾ ಸೇರಿದ ಥಿಯರಿ'ಯಲ್ಲಿ 50 ಪರ್ಸೆಂಟ್. ಅಂದ್ರೆ ಬರವಣಿಗೆಯಲ್ಲಿ 45 ಬಂದು ವೈವಾದಲ್ಲಿ 16 ಸಿಕ್ಕಿದ್ರೆ 120ಕ್ಕೆ 61, ಪಾಸು. 2019ರಲ್ಲಿ ಹೊಸ ಪಠ್ಯಕ್ರಮ ಬಂದಾಗ ವೈವಾನ ಥಿಯರಿಯಿಂದ ಕಿತ್ತು ಪ್ರಾಕ್ಟಿಕಲ್ ಕಡೆ ಹಾಕಿದ್ರು, ಥಿಯರಿ ಅಂದ್ರೆ ಬರೆದಿದ್ದು ಮಾತ್ರ, ಎರಡು ಪೇಪರ್ ಇರೋ ಕಡೆ ಒಂದೊಂದರಲ್ಲೂ ಕನಿಷ್ಠ 40 ಬರ್ಬೇಕು, ಎರಡೂ ಸೇರಿ 50 ಆಗ್ಬೇಕು. ಮೊದಲೆಲ್ಲ ಬಾಯಿ ಚುರುಕಿದ್ದ ಹುಡುಗರನ್ನ ವೈವಾ ದಡ ಮುಟ್ಟಿಸ್ತಿತ್ತು, ಈಗ ಆ ದೋಣಿ ಇಲ್ಲ. ಮಾರ್ಕ್ಸ್ ಕಾರ್ಡಲ್ಲಿ ಕಾಣೋ ಇಂಟರ್ನಲ್, ಅಂದ್ರೆ ಕಾಲೇಜಿನವರೇ ಹಾಕೋ ಮಾರ್ಕ್ಸ್ ಕೂಡ ಪರೀಕ್ಷೆಗೆ ಕೂರೋಕೆ ಅರ್ಹತೆ ಕೊಡುತ್ತೆ ಅಷ್ಟೇ, ಪಾಸಿನ ಲೆಕ್ಕಕ್ಕೆ ಸೇರಲ್ಲ, ತುಂಬಾ ಪೋಷಕರು ಎಡವೋದು ಇಲ್ಲೇ.

ತಾರತಮ್ಯ ಅನ್ನೋಕೆ ಒಂದೇ ರೂಲಿನ ಕೆಳಗಿರೋ ಇಬ್ಬರನ್ನ ಬೇರೆ ಬೇರೆ ನೋಡಿರ್ಬೇಕು. ಬ್ಯಾಚ್ ಬೇರೆ, ರೂಲ್ ಬೇರೆ, ಈ ವಾದ ನಿಲ್ಲಲ್ಲ. ಯೂನಿವರ್ಸಿಟಿ ಮನಸ್ಸು ಮಾಡಿ ಬಿಟ್ಟುಕೊಡಬಾರದಾ ಅಂತ ಕೇಳ್ಬಹುದು, ಆಗಲ್ಲ. ಉನ್ನತ ಶಿಕ್ಷಣದ ಮಟ್ಟ ಕೇಂದ್ರದ ವಿಷಯ, ಕೇಂದ್ರ ಹಾಕಿದ ಗೆರೆಗಿಂತ ರಾಜ್ಯದವರು ಬೇಕಾದ್ರೆ ಮೇಲೆ ಹೋಗ್ಬಹುದು, ಕೆಳಗಿಳಿಯೋ ಹಾಗಿಲ್ಲ ಅಂತ 1999ರಲ್ಲಿ ಪ್ರೀತಿ ಶ್ರೀವಾಸ್ತವ ಕೇಸಲ್ಲಿ ಸುಪ್ರೀಂ ಕೋರ್ಟಿನ ಐದು ಜಡ್ಜ್‌ಗಳ ಪೀಠ ಹೇಳಿದೆ. ಅದು ಪಿಜಿ ಪ್ರವೇಶದ ಕೇಸು ನಿಜ, ಆದ್ರೆ ಮಟ್ಟದ ಬಗ್ಗೆ ಯಾವ ಜಗಳ ಬಂದ್ರೂ ಯೂನಿವರ್ಸಿಟಿ ವಕೀಲರು ಮೊದಲು ತೆಗೆಯೋದು ಅದನ್ನೇ.

ಹಳೇ ರೂಲಲ್ಲಿ ಒಂದೇ ಸಬ್ಜೆಕ್ಟಲ್ಲಿ ಫೇಲಾದವರಿಗೆ ಐದರ ತನಕ ಗ್ರೇಸ್ ಕೊಡೋ ಅಧಿಕಾರ ಯೂನಿವರ್ಸಿಟಿಗಿತ್ತು, 2023ರ ರೆಗ್ಯುಲೇಷನ್ ಬಂದ್ಮೇಲೆ ಅದೂ ಹೋಯ್ತು. ನಿಮ್ಮ ಮೂರು ಮಾರ್ಕ್ಸಿಗೆ ಅದೇ ದಾರಿಯಾಗ್ತಿತ್ತೇನೋ. ಸದ್ಯಕ್ಕೆ ಮಗಳನ್ನ ಸಪ್ಲಿಮೆಂಟರಿಗೆ ಓದೋಕೆ ಕೂರಿಸಿ, ಜೊತೆಗೆ ಉತ್ತರಪತ್ರಿಕೆ ಕಾಪಿಗೆ ಅರ್ಜಿ ಹಾಕಿ, ಯಾಕೆ ಅಂತ ಮೂರನೇ ಉತ್ತರದಲ್ಲಿ ಬರೆದಿದೀನಿ.

ಪ್ರಶ್ನೆ: 2023ರಲ್ಲಿ 40 ಬಂದ್ರೆ ಪಾಸ್ ಅಂತ ಆರ್ಡರ್ ಬಂದಿತ್ತಲ್ಲ ಸರ್, ಅದನ್ನಿಟ್ಕೊಂಡು ಕೇಸ್ ಹಾಕ್ಬಹುದಾ?

ಉತ್ತರ: ಬಂದಿದ್ದೂ ನಿಜ, ಹೋಗಿದ್ದೂ ನಿಜ. ಹಳೇ ಮೆಡಿಕಲ್ ಕೌನ್ಸಿಲ್ ಜಾಗಕ್ಕೆ ಬಂದ ನ್ಯಾಷನಲ್ ಮೆಡಿಕಲ್ ಕಮಿಷನ್‌ನವರು ಎರಡು ಪೇಪರ್ ಇರೋ ಸಬ್ಜೆಕ್ಟಿಗೆ ಥಿಯರಿ ಒಟ್ಟು 40 ಸಾಕು ಅಂದ್ರು, ಕೆಲವೇ ವಾರದಲ್ಲಿ ಅದು ಆಗಲ್ಲ ಅಂತ ವಾಪಸ್ ತಗೊಂಡು 50ಕ್ಕೇ ನಿಂತ್ರು. ವಾಟ್ಸಾಪಲ್ಲಿ ಮೊದಲನೇ ಆರ್ಡರ್ ಇನ್ನೂ ಓಡಾಡ್ತಾ ಇದೆ, ಎರಡನೇದು ಯಾರೂ ಫಾರ್ವರ್ಡ್ ಮಾಡಲ್ಲ.

ಆಟ ಶುರುವಾದ್ಮೇಲೆ ರೂಲ್ ಬದಲಾಯಿಸೋ ಹಾಗಿಲ್ಲ ಅಂತ 2024ರಲ್ಲಿ ತೇಜ್ ಪ್ರಕಾಶ್ ಪಾಠಕ್ ಕೇಸಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದನ್ನ ಕೆಲವರು ಕಳ್ಸಿದ್ದೀರಿ. ಅದು ಸರ್ಕಾರಿ ನೇಮಕಾತಿಗೆ ಸಂಬಂಧಪಟ್ಟಿದ್ದು. ಎಂಬಿಬಿಎಸ್ ಪರೀಕ್ಷೆಗೆ ಅದನ್ನ ಎಳ್ಕೊಂಡು ಬರ್ಬಹುದು, ಆದ್ರೆ ನಿಮ್ಮ ಪರೀಕ್ಷೆ ನಡೆದ ದಿನ 40ರ ಆರ್ಡರ್ ಜಾರಿಯಲ್ಲೇ ಇರ್ಲಿಲ್ಲ ಅಂದ್ರೆ ಎಳೆಯೋಕೆ ಹಗ್ಗಾನೇ ಇಲ್ಲ. ತಾರೀಖು ನೋಡ್ಕೊಳ್ಳಿ, ಇದರಲ್ಲಿ ಬೇರೇನೂ ಇಲ್ಲ.

ಪ್ರಶ್ನೆ: ನಾನು ಪ್ಯಾಥಾಲಜಿಯಲ್ಲಿ ಕೂದಲೆಳೆಯಲ್ಲಿ ಹೋದೆ. ಉತ್ತರಪತ್ರಿಕೆ ಕಾಪಿ ತರಿಸಿ ನಮಗೆ ಪಾಠ ಮಾಡಿದ್ದ ಪ್ರೊಫೆಸರ್ ಒಬ್ಬರಿಗೆ ತೋರಿಸ್ದೆ, ನಾನಾಗಿದ್ರೆ ಇನ್ನೂ ಆರು ಮಾರ್ಕ್ಸ್ ಕೊಡ್ತಿದ್ದೆ ಅಂದ್ರು. ಯೂನಿವರ್ಸಿಟಿಯಲ್ಲಿ ರೀವ್ಯಾಲ್ಯುಯೇಷನ್ ಇಲ್ವಂತೆ, ರೀಟೋಟಲಿಂಗ್ ಮಾತ್ರ ಅಂತೆ. ಕೋರ್ಟ್ ರೀವ್ಯಾಲ್ಯುಯೇಷನ್ ಮಾಡಿಸುತ್ತಾ?

ಉತ್ತರ: ನನಗೆ ಅತಿ ಹೆಚ್ಚು ಬರೋ ಪ್ರಶ್ನೆ ಇದು, ಅತಿ ಹೆಚ್ಚು ದುಡ್ಡು ಹಾಳಾಗೋದೂ ಇದರಲ್ಲೇ.

ಒಂದೇ ಉತ್ತರಕ್ಕೆ ಇಬ್ಬರು ಮೇಷ್ಟ್ರು ಬೇರೆ ಬೇರೆ ಮಾರ್ಕ್ಸ್ ಹಾಕೋದು ಲೋಕಾರೂಢಿ, ಅದನ್ನ ಕೋರ್ಟ್ ತಪ್ಪು ಅಂತ ಎಣಿಸಲ್ಲ. ರೂಲಲ್ಲಿ ರೀವ್ಯಾಲ್ಯುಯೇಷನ್ ಇಲ್ಲ ಅಂದ್ರೆ ಅದನ್ನ ಹಕ್ಕು ಅಂತ ಕೇಳೋಕಾಗಲ್ಲ ಅಂತ ಸುಪ್ರೀಂ ಕೋರ್ಟ್ 1984ರಲ್ಲೇ ಮಹಾರಾಷ್ಟ್ರದ ಶಿಕ್ಷಣ ಮಂಡಳಿ ಕೇಸಲ್ಲಿ ಹೇಳ್ತು. 2017ರಲ್ಲಿ ರಣ್ ವಿಜಯ್ ಸಿಂಗ್ ಕೇಸಲ್ಲಿ ಇನ್ನೂ ಖಡಕ್ಕಾಗಿ, ಇಲ್ಲಿ ಅನುಕಂಪಕ್ಕೆ ಜಾಗ ಇಲ್ಲ, ಅನುಮಾನ ಇದ್ರೆ ಅದರ ಲಾಭ ಪರೀಕ್ಷೆ ನಡೆಸಿದವರಿಗೇ ಹೊರತು ಬರೆದವರಿಗಲ್ಲ ಅಂತು. ಕ್ರಿಮಿನಲ್ ಕೇಸಲ್ಲಿ ಅನುಮಾನದ ಲಾಭ ಆರೋಪಿಗೆ, ಇಲ್ಲಿ ತಿರುಗಾಮುರುಗ.

ನಿಮಗೆ ನೇರವಾಗಿ ತಟ್ಟೋದು ಮಾತ್ರ 2022ರ ನವೆಂಬರ್‌ದು, ಆಂಧ್ರದ ಎನ್‌ಟಿಆರ್ ಹೆಲ್ತ್ ಯೂನಿವರ್ಸಿಟಿ ಕೇಸು. ಪಿಜಿ ಪರೀಕ್ಷೆಯಲ್ಲಿ ಫೇಲಾದವರು ಡಿಜಿಟಲ್ ವ್ಯಾಲ್ಯುಯೇಷನ್ ಸರಿ ಇಲ್ಲ ಅಂತ ಹೋಗಿದ್ರು, ಹೈಕೋರ್ಟ್ ಉತ್ತರಪತ್ರಿಕೆ ತರಿಸ್ಕೊಂಡು ನೋಡಿ ಅವರ ಪರ ಆರ್ಡರ್ ಕೊಡ್ತು, ಸುಪ್ರೀಂ ಕೋರ್ಟ್ ಅದನ್ನ ತೆಗೆದುಹಾಕ್ತು. ರೂಲಲ್ಲಿ ಅವಕಾಶ ಇಲ್ಲದೇ ಇರೋವಾಗ ಕೋರ್ಟೇ ಪತ್ರಿಕೆ ತರಿಸಿ ಮರುಮೌಲ್ಯಮಾಪನಕ್ಕೆ ಇಳಿಯೋ ಹಾಗಿಲ್ಲ ಅಂತ. ನಿಮ್ಮ ಪ್ರೊಫೆಸರ್ ಆರು ಅಲ್ಲ ಹತ್ತು ಕೊಡ್ತೀನಿ ಅಂದ್ರೂ ಅದು ಅವರ ಅಭಿಪ್ರಾಯ, ಸಾಕ್ಷಿ ಅಲ್ಲ.

ಹಾಗಂತ ಕೈಕಟ್ಟಿ ಕೂರ್ಬೇಕಾ ಅಂದ್ರೆ ಅದೂ ಅಲ್ಲ. ಕೋರ್ಟ್ ನಿಮ್ಮ ಮೇಷ್ಟ್ರಾಗಲ್ಲ, ಆದ್ರೆ ರೂಲ್ ಪಾಲಿಸಿದ್ರಾ ಇಲ್ವಾ ಅಂತ ಖಂಡಿತ ನೋಡುತ್ತೆ, ನೀವು ಹುಡುಕ್ಬೇಕಾದ್ದು ಅದನ್ನೇ. ಕಾಪಿ ಕೈಲಿದೆಯಲ್ಲ, ಮಾರ್ಕ್ಸ್ ನೋಡೋದು ಬಿಟ್ಟು ಪುಟ ಎಣಿಸಿ. ಸ್ಕ್ಯಾನ್ ಮಾಡುವಾಗ ಯಾವುದಾದ್ರೂ ಹಾಳೆ ಬಿಟ್ಟುಹೋಗಿದೆಯಾ, ಬರೆದ ಉತ್ತರಕ್ಕೆ ಮಾರ್ಕ್ಸೇ ಹಾಕದೆ ಮುಂದೆ ಹೋಗಿದಾರಾ, ಒಳಗಿನ ಮಾರ್ಕ್ಸೂ ಮುಖಪುಟದ ಮಾರ್ಕ್ಸೂ ತಾಳೆ ಆಗುತ್ತಾ. ನಿಮ್ಮ ಯೂನಿವರ್ಸಿಟಿ ಆರ್ಡಿನೆನ್ಸಲ್ಲಿ, ಅಂದ್ರೆ ಅವರದೇ ನಿಯಮಾವಳಿಯಲ್ಲಿ, ಇಬ್ಬರು ವ್ಯಾಲ್ಯುಯೇಟರ್ ನೋಡ್ಬೇಕು, ಅಂತರ ಇಷ್ಟಕ್ಕಿಂತ ಜಾಸ್ತಿ ಆದ್ರೆ ಮೂರನೆಯವರಿಗೆ ಹೋಗ್ಬೇಕು ಅಂತಿದ್ದು ಅದು ಹೋಗಿಲ್ಲ ಅಂದ್ರೆ, ಆಗ ನಿಮ್ಮದು ಕೇಸ್! ಎಂಸಿಕ್ಯೂ, ಅಂದ್ರೆ ಸರಿ ಉತ್ತರ ಆರಿಸೋ ಪ್ರಶ್ನೆಗೆ, ಪರೀಕ್ಷೆ ನಡೆಸಿದವರು ಇಟ್ಕೊಂಡ ಕೀ ಉತ್ತರಾನೇ ತಪ್ಪಿದ್ರೂ ದಾರಿ ಇದೆ, 1983ರಲ್ಲಿ ಕಾನ್ಪುರ ಯೂನಿವರ್ಸಿಟಿ ಕೇಸಲ್ಲಿ ಮೆಡಿಕಲ್ ಪ್ರವೇಶ ಪರೀಕ್ಷೆಯ ಕೀ ಕಣ್ಣಿಗೆ ಹೊಡೆಯೋ ಹಾಗೆ ತಪ್ಪಾಗಿತ್ತು, ವಿದ್ಯಾರ್ಥಿಗಳೇ ಗೆದ್ರು. ಆದ್ರೆ 'ಕಣ್ಣಿಗೆ ಹೊಡೆಯೋ ಹಾಗೆ' ಅನ್ನೋದು ಮುಖ್ಯ, ಎರಡು ಪುಟ ವಾದ ಮಾಡಿ ತೋರಿಸ್ಬೇಕಾದ ತಪ್ಪು ತಪ್ಪಲ್ಲ ಅಂತಾರೆ.

ಇನ್ನೂ ಕಾಪಿ ಸಿಗದೇ ಇರೋರು ಆರ್‌ಟಿಐ ಹಾಕಿ. ತನ್ನ ಉತ್ತರಪತ್ರಿಕೆ ನೋಡೋದು ವಿದ್ಯಾರ್ಥಿಯ ಹಕ್ಕು ಅಂತ 2011ರಲ್ಲಿ ಆದಿತ್ಯ ಬಂದೋಪಾಧ್ಯಾಯ ಕೇಸಲ್ಲಿ ತೀರ್ಪಾಗಿದೆ, 30 ದಿನದಲ್ಲಿ ಉತ್ತರ ಕೊಡ್ಬೇಕು. ವ್ಯಾಲ್ಯುಯೇಟರ್ ಹೆಸರು ಮಾತ್ರ ಕೊಡಲ್ಲ, ಅದನ್ನ 2016ರಲ್ಲಿ ಸುಪ್ರೀಂ ಕೋರ್ಟೇ ಬೇಡ ಅಂದಿದೆ, ಒಳ್ಳೇದೇ ಆಯ್ತು ಅನ್ನಿ, ಇಲ್ಲಾಂದ್ರೆ ಅವರ ಮನೆ ಮುಂದೆ ಕ್ಯೂ ನಿಲ್ತಿತ್ತು.

ಇನ್ನೊಂದು ದಾರಿ ತುಂಬಾ ಜನ ಮರೀತಾರೆ, ಕುಲಪತಿ. ಅದೇ ಎನ್‌ಟಿಆರ್ ಯೂನಿವರ್ಸಿಟಿಯ 2008ರ ಇನ್ನೊಂದು ಕೇಸಲ್ಲಿ, ನಿಜವಾದ ದೂರು ಬಂದಾಗ ಮರುಮೌಲ್ಯಮಾಪನ ಮಾಡ್ಸೋ ಅಧಿಕಾರ ಕುಲಪತಿಗಿದೆ ಅಂತ ಸುಪ್ರೀಂ ಕೋರ್ಟ್ ಒಪ್ತು. ಅಂದ್ರೆ ಕೋರ್ಟ್ ಮಾಡ್ಸಲ್ಲ, ಯೂನಿವರ್ಸಿಟಿ ತಾನಾಗೇ ಮಾಡಿದ್ರೆ ತಡೆಯಲ್ಲ. ಅದಕ್ಕೇ ಮೊದಲು ಅಲ್ಲಿಗೆ ಲಿಖಿತ ಮನವಿ ಕೊಟ್ಟು ಸ್ವೀಕೃತಿ ಸೀಲ್ ಹಾಕಿಸ್ಕೊಳ್ಳಿ. ನಾಳೆ ಹೈಕೋರ್ಟಲ್ಲಿ ರಿಟ್ ಅರ್ಜಿ ಹಾಕಿದ್ರೂ ಜಡ್ಜ್ ಮೊದಲು ಕೇಳೋದು ಯೂನಿವರ್ಸಿಟಿಗೆ ಹೋಗಿದ್ರಾ ಅಂತ.

ಪ್ರಶ್ನೆ: ಮಗ ಫಸ್ಟ್ ಇಯರಲ್ಲಿ ಮೂರು ಸಲ ಫೇಲ್. ನಾಲ್ಕನೇದು ಕೊನೇ ಅವಕಾಶ ಅಂತೆ. ಸ್ಟೇ ತಂದು ಸೆಕೆಂಡ್ ಇಯರ್ ಕ್ಲಾಸಿಗೆ ಕೂರಿಸ್ಬಹುದು ಅಂತ ಒಬ್ಬ ವಕೀಲರು ಹೇಳಿದ್ರು.

ಉತ್ತರ: ಆ ವಕೀಲರಿಗೆ ಫೀಸ್ ಇನ್ನೂ ಕೊಟ್ಟಿಲ್ಲ ಅಂದ್ರೆ ಕೊಡ್ಬೇಡಿ. ಫಸ್ಟ್ ಇಯರಿಗೆ ನಾಲ್ಕೇ ಅಟೆಂಪ್ಟ್, 2023ರ ರೆಗ್ಯುಲೇಷನ್ ಪ್ರಕಾರ ಪೂರ್ತಿ ಕೋರ್ಸಿಗೆ ಸೇರಿದ ದಿನದಿಂದ ಒಂಬತ್ತು ವರ್ಷ, ಇವೆರಡನ್ನೂ ಸಡಿಲ ಮಾಡಿ ಅಂತ ಕೋರ್ಟನ್ನ ಕೇಳೋದು ಕಷ್ಟದ ಕೆಲಸ. ಮಧ್ಯಂತರ ಆದೇಶ ಸಿಕ್ಕಿದ್ರೂ ಕೊನೇ ತೀರ್ಪು ತಿರುಗಿಬಿದ್ರೆ ಮಧ್ಯೆ ಓದಿದ ವರ್ಷಗಳು ಲೆಕ್ಕಕ್ಕೇ ಬರಲ್ಲ. ಪಾಪ ಅನ್ನಿಸ್ತು ಅಂತ ಇಂಥ ಮಧ್ಯಂತರ ಆದೇಶ ಕೊಡೋದನ್ನ ಸುಪ್ರೀಂ ಕೋರ್ಟ್ 1993ರಲ್ಲಿ ಗುರುನಾನಕ್ ದೇವ್ ಯೂನಿವರ್ಸಿಟಿ ಕೇಸಲ್ಲಿ ಚೆನ್ನಾಗೇ ತರಾಟೆಗೆ ತಗೊಂಡಿದೆ. ಒಂದು ಚೆಕ್ ಮಾಡಿ: ಅರ್ಧ ಪರೀಕ್ಷೆ ಬರೆದು ಎದ್ದು ಬಂದ್ರೂ ಅಟೆಂಪ್ಟ್ ಅಂತಾನೇ ಎಣಿಸ್ತಾರೆ, ಫೀಸ್ ಕಟ್ಟಿ ಪರೀಕ್ಷಾ ಹಾಲಿಗೇ ಹೋಗದಿದ್ದನ್ನೂ ಇವರು ಮೂರರಲ್ಲಿ ಸೇರಿಸಿಬಿಟ್ಟಿದಾರಾ ನೋಡಿ, ಆಗ ಕೇಳೋಕೆ ಏನೋ ಇರುತ್ತೆ.

ಪ್ರಶ್ನೆ: ಬೇರೆ ದೇಶಗಳಲ್ಲಿ ಕೋರ್ಟ್ ವಿದ್ಯಾರ್ಥಿ ಪರ ಇರುತ್ತಂತೆ ಹೌದಾ? 50 ಅನ್ನೋದಕ್ಕೆ ವೈಜ್ಞಾನಿಕ ಆಧಾರ ಏನಿದೆ?

ಉತ್ತರ: ದೂರದ ಬೆಟ್ಟ ನುಣ್ಣಗೆ. ಅಮೆರಿಕದಲ್ಲಿ ಮಿಸೌರಿ ಯೂನಿವರ್ಸಿಟಿಯ ಮೆಡಿಕಲ್ ವಿದ್ಯಾರ್ಥಿನಿಯೊಬ್ಬರು 1978ರಲ್ಲಿ ಸೋತ್ರು, 1985ರಲ್ಲಿ ಮಿಷಿಗನ್ ಯೂನಿವರ್ಸಿಟಿಯ ವಿದ್ಯಾರ್ಥಿ ಯೂಯಿಂಗ್ ಸೋತ್ರು. ಯೂಯಿಂಗ್‌ಗೆ ರಾಷ್ಟ್ರೀಯ ಪರೀಕ್ಷೆಯಲ್ಲಿ ಬಂದಿದ್ದು 235, ಪಾಸಿಗೆ ಬೇಕಿದ್ದು 345. ಬೇರೆಯವರಿಗೆಲ್ಲ ಮತ್ತೆ ಬರೆಯೋಕೆ ಬಿಟ್ಟು ನನಗ್ಯಾಕೆ ಬಿಡಲ್ಲ ಅಂತ ಅವರ ವಾದ, ಕೇಳೋಕೆ ನ್ಯಾಯವಾಗೇ ಇದೆ, ಆದ್ರೂ ಓದಿನ ವಿಷಯದಲ್ಲಿ ಮೇಷ್ಟ್ರುಗಳ ತೀರ್ಮಾನಕ್ಕೆ ನಾವು ಕೈ ಹಾಕಲ್ಲ ಅಂತು ಕೋರ್ಟ್. ಬ್ರಿಟನ್‌ನಲ್ಲಿ ಭಾರತೀಯ ಮೂಲದ ವೈದ್ಯರ ಸಂಘ ಜಿಪಿ, ಅಂದ್ರೆ ಫ್ಯಾಮಿಲಿ ಡಾಕ್ಟರ್ ಆಗೋರ ಪರೀಕ್ಷೆ ನಡೆಸೋ ರಾಯಲ್ ಕಾಲೇಜ್ ಮೇಲೆ ಕೇಸ್ ಹಾಕಿತ್ತು, ಹೊರಗಡೆ ಓದಿ ಬಂದವರು ಕ್ಲಿನಿಕಲ್ ಪರೀಕ್ಷೆಯಲ್ಲಿ ಎಷ್ಟೋ ಪಟ್ಟು ಜಾಸ್ತಿ ಫೇಲಾಗ್ತಾರೆ ಅಂತ. 2014ರಲ್ಲಿ ಪರೀಕ್ಷೆ ಕಾನೂನುಬದ್ಧ ಅಂತ ತೀರ್ಪು ಬಂತು.

50ಕ್ಕೆ ಆಧಾರ ಕೇಳಿದ್ದು ಮಾತ್ರ ಭೇಷ್. ಪ್ರಾಮಾಣಿಕವಾಗಿ ಹೇಳ್ತೀನಿ, ಅದು ರೂಢಿ. ಹೊರಗಡೆ ತುಂಬಾ ಕಡೆ ಆಂಗಾಫ್ ಅಂತ ಒಂದು ಪದ್ಧತಿ ಇದೆ, 1971ರಿಂದ ಬಂದಿದ್ದು. ತಜ್ಞರು ಕೂತು, ಪಾಸಿನ ಅಂಚಿನಲ್ಲಿರೋ ವಿದ್ಯಾರ್ಥಿ ಈ ಪ್ರಶ್ನೆಗೆ ಸರಿ ಉತ್ತರ ಕೊಡೋ ಸಾಧ್ಯತೆ ಎಷ್ಟು ಅಂತ ಒಂದೊಂದು ಪ್ರಶ್ನೆಗೂ ಅಂದಾಜು ಹಾಕಿ ಪಾಸ್ ಮಾರ್ಕ್ ತೆಗೀತಾರೆ, ಪೇಪರ್ ಕಷ್ಟ ಇದ್ರೆ ಗೆರೆ ಕೆಳಗೆ, ಸುಲಭ ಇದ್ರೆ ಮೇಲೆ. ನಮ್ಮಲ್ಲಿ ಪೇಪರ್ ಹೇಗೇ ಇರ್ಲಿ ಗೆರೆ ಅಲ್ಲೇ. ನನಗಂತೂ ಇದು ಸರಿ ಕಾಣಲ್ಲ, ಆದ್ರೆ ಸರಿ ಕಾಣದೇ ಇರೋದಕ್ಕೂ ಕಾನೂನುಬಾಹಿರಕ್ಕೂ ಬಹಳ ದೂರ ಇದೆ.

ಪ್ರಶ್ನೆ: ಪ್ರಾಕ್ಟಿಕಲ್‌ನಲ್ಲಿ ಎಕ್ಸಾಮಿನರ್ ಹಗೆ ಇಟ್ಕೊಂಡು ಫೇಲ್ ಮಾಡಿದ್ರು. ಏನ್ ಮಾಡ್ಲಿ?

ಉತ್ತರ: ಇದು ಎಲ್ಲಕ್ಕಿಂತ ಕಷ್ಟ, ಯಾಕಂದ್ರೆ ಪ್ರಾಕ್ಟಿಕಲ್‌ನಲ್ಲಿ ತೆಗೆದು ತೋರಿಸೋಕೆ ಪತ್ರಿಕೇನೇ ಇರಲ್ಲ, ಜೊತೆಗೆ ಹೊರಗಿನ ಎಕ್ಸಾಮಿನರ್‌ಗಳೂ ಕೂತಿರ್ತಾರೆ, ಎಲ್ಲರೂ ಸೇರಿ ಹಗೆ ಸಾಧಿಸಿದ್ರು ಅಂತ ನಂಬಿಸ್ಬೇಕು. ದುರುದ್ದೇಶ ಅಂತ ಆರೋಪ ಮಾಡಿದ್ರೆ ಆ ವ್ಯಕ್ತಿಯನ್ನ ಹೆಸರು ಹಿಡಿದು ಪ್ರತಿವಾದಿ ಮಾಡಲೇಬೇಕು, ಸುಮ್ನೆ 'ಯಾರೋ ಒಬ್ಬರು' ಅಂದ್ರೆ ಅರ್ಜಿ ನಿಲ್ಲಲ್ಲ. ರಿಸಲ್ಟಿಗಿಂತ ಮುಂಚೆ, ಪರೀಕ್ಷೆ ದಿನವೇ ಪ್ರಿನ್ಸಿಪಾಲ್‌ಗೆ ಲಿಖಿತ ದೂರು ಕೊಟ್ಟಿದ್ರಾ? ಕೊಟ್ಟಿದ್ರೆ ಅದರ ಕಾಪಿ ಕಳ್ಸಿ, ಮುಂದೆ ಮಾತಾಡೋಣ.